ಮಾತುಕಟ್ಟೆಗೆ ಸ್ವಂತ ಸರ್ವರ್: ಆಯ್ಕೆ ಮತ್ತು ನಿರ್ವಹಣೆ

ಬೆಳೆಗಾರರ ಮಾತುಕತೆ ಹಿಂದೆ ಸಂಘದ ಜಗಲಿಯಲ್ಲಿ, ಅಡಿಕೆ ಮಂಡಿಯಲ್ಲಿ, ಸಂತೆಯ ಹೋಟೆಲಿನಲ್ಲಿ ನಡೆಯುತ್ತಿತ್ತು. ಇಂದು ಅದರ ಬಹುಭಾಗ ಮೊಬೈಲಿಗೆ ಸೇರಿದೆ. ಹೂಮಳೆ ಎಷ್ಟು ಸೆಂಟ್ ಬಿತ್ತು, ಎಲೆಚುಕ್ಕಿ ರೋಗ ಯಾವ ತೋಟದಲ್ಲಿ ಕಾಣಿಸಿತು, ಇಂದಿನ ಧಾರಣೆ ಏನು ಎಂಬುದೆಲ್ಲ ಗುಂಪಿನಲ್ಲಿ ಬಂದು ಸಂಜೆಯೊಳಗೆ ಮೇಲೆ ಸರಿದುಹೋಗುತ್ತದೆ. ಕಳೆದ ವರ್ಷ ಅನುಭವಸ್ಥರೊಬ್ಬರು ಬರೆದ ಉತ್ತಮ ಸಲಹೆ ಈ ವರ್ಷ ಬೇಕಾದಾಗ ಕೈಗೆ ಸಿಗುವುದಿಲ್ಲ. ಇದನ್ನು ಕಂಡು, ಸಂಘವೇ ಒಂದು ಚಾಟ್ ಸರ್ವರ್ ಏಕೆ ನಡೆಸಬಾರದು ಎಂದು ಸದಸ್ಯರಲ್ಲಿ ಕೆಲವರು ಕೇಳುತ್ತಿದ್ದಾರೆ. ಪ್ರಶ್ನೆ ಯೋಗ್ಯವಾದದ್ದೇ. ಉತ್ತರ ಹೇಳುವ ಮೊದಲು ವಿಷಯವನ್ನು ಸ್ವಲ್ಪ ಅಭ್ಯಾಸ ಮಾಡೋಣ.

ಸರ್ವರ್ ಎಂದರೇನು?

ನಾವು ಕಳುಹಿಸಿದ ಸಂದೇಶ ಒಂದು ಫೋನಿನಿಂದ ನೇರವಾಗಿ ಇನ್ನೊಂದು ಫೋನಿಗೆ ಹೋಗುವುದಿಲ್ಲ. ಹಗಲಿರುಳೂ ಚಾಲೂ ಇರುವ ಒಂದು ಕಂಪ್ಯೂಟರ್ ಅದನ್ನು ಪಡೆದು, ಸದಸ್ಯರಿಗೆ ಹಂಚುತ್ತದೆ. ಈ ಕಂಪ್ಯೂಟರೇ ಸರ್ವರ್. ಅದರಲ್ಲಿ ಕೆಲಸ ಮಾಡುವ ಕಾರ್ಯಕ್ರಮವೇ ಸರ್ವರ್ ತಂತ್ರಾಂಶ. ವಾಟ್ಸಾಪ್‌ನಲ್ಲಿ ಈ ಯಂತ್ರವೂ ತಂತ್ರಾಂಶವೂ ಕಂಪನಿಯವು. ಆದರೆ ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಹಾಕಿಕೊಂಡು ನಡೆಸಬಹುದಾದ ಮುಕ್ತ ತಂತ್ರಾಂಶಗಳೂ ಇವೆ. ವಾಟ್ಸಾಪ್ ಕೂಡ ತನ್ನ ಆರಂಭದ ದಿನಗಳಲ್ಲಿ ಇಜಬ್ಬರ್‌ಡಿ ಎಂಬ ಇಂಥದೇ ತಂತ್ರಾಂಶವನ್ನು ತನಗೆ ಬೇಕಾದಂತೆ ಮಾರ್ಪಡಿಸಿ ಬಳಸಿತು.

ನೆರೆಯವರ ಪಲ್ಪರಿನಲ್ಲಿ ಹಣ್ಣು ಪಲ್ಪ್ ಮಾಡಿಸುವುದಕ್ಕೂ ಸ್ವಂತ ಪಲ್ಪರ್ ಇಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಸ್ವಂತದ್ದಾದರೆ ನಮ್ಮ ಸಮಯ, ನಮ್ಮ ನಿಯಮ. ಕೆಟ್ಟರೆ ರಿಪೇರಿಯೂ ನಮ್ಮದೇ.

ಇದರ ಅಗತ್ಯವೇನು?

ಬೇರೆಯವರ ಸರ್ವರ್‌ನಲ್ಲಿರುವ ಮಾತುಕತೆ ಅವರು ಇಟ್ಟಷ್ಟು ದಿನ ಮಾತ್ರ ಇರುತ್ತದೆ. ಯಾಹೂ ಮೆಸೆಂಜರ್ 2018ರ ಜುಲೈ 17ರಂದು ನಿಂತಿತು. ನಮ್ಮ ದೇಶದ್ದೇ ಆದ ಹೈಕ್ 2021ರ ಜನವರಿಯಲ್ಲಿ ಮುಚ್ಚಿತು. ಸ್ಕೈಪ್ 2025ರ ಮೇ 5ರಂದು ಕೊನೆಗೊಂಡಿತು. ಮುಚ್ಚದಿದ್ದರೂ ನಿಯಮ ಬದಲಾಗಬಹುದು. ಕಚೇರಿಗಳಲ್ಲಿ ಬಳಕೆಯಲ್ಲಿರುವ ಸ್ಲ್ಯಾಕ್ 2022ರ ಸೆಪ್ಟೆಂಬರ್‌ನಿಂದ ಉಚಿತ ಬಳಕೆದಾರರಿಗೆ 90 ದಿನಗಳ ಹಿಂದಿನ ಸಂದೇಶಗಳನ್ನು ತೋರಿಸುವುದನ್ನು ನಿಲ್ಲಿಸಿತು. ವರ್ಷಕ್ಕೊಮ್ಮೆ ಫಸಲು ಕಾಣುವ ನಮಗೆ 90 ದಿನದ ನೆನಪು ಯಾವ ಪ್ರಯೋಜನಕ್ಕೂ ಬಾರದು. ಕಳೆದ ಮಳೆಗಾಲದಲ್ಲಿ ಕೊಳೆರೋಗ ಹೇಗೆ ಹತೋಟಿಗೆ ಬಂತೆಂಬುದು ಮುಂದಿನ ಮಳೆಗಾಲಕ್ಕೆ ಬೇಕಲ್ಲವೆ?

ಆದರೆ ಗುಂಪಿಗೆ ಧಾರಣೆ ತಿಳಿಸುವುದು, ಸಭೆಯ ಸೂಚನೆ ಕಳುಹಿಸುವುದು ಇಷ್ಟೇ ಸಾಕಾಗಿದ್ದರೆ ಈಗಿರುವ ವಾಟ್ಸಾಪ್ ಗುಂಪೇ ಸಾಕು. ಸ್ವಂತ ಸರ್ವರ್ ಬೇಕಾಗುವುದು ಮಾತುಕತೆಯನ್ನು ಸಂಘದ ಆಸ್ತಿಯಾಗಿ ಉಳಿಸಿಕೊಳ್ಳಬೇಕೆನ್ನುವವರಿಗೆ ಮಾತ್ರ.

ಆಯ್ಕೆಗೆ ಒಂದು ಮಾದರಿ

ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾ ಸಂಸ್ಥೆಯವರು ಈ ಆಯ್ಕೆಯನ್ನು ಮಾಡಿದ ರೀತಿ ಗಮನಾರ್ಹವಾಗಿದೆ. ಅವರ ಕಾರ್ಯಕರ್ತರೂ ಸ್ವಯಂಸೇವಕರೂ ಬಹುಕಾಲ ಮಾತನಾಡುತ್ತಿದ್ದುದು ಐಆರ್‌ಸಿ ಎಂಬ ವ್ಯವಸ್ಥೆಯಲ್ಲಿ. ಇದನ್ನು 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕಾರಿನೆನ್ ಎಂಬವರು ರಚಿಸಿದರು. ಹಗುರವಾದ, ಸರಳವಾದ ವ್ಯವಸ್ಥೆ. ಆದರೆ ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಒಳಗೆ ಬರಬಹುದಾಗಿದ್ದರಿಂದ ಕಿರುಕುಳ ಕೊಡುವವರನ್ನು ತಡೆಯುವುದು ಕಷ್ಟವಾಯಿತು.

2019ರ ಏಪ್ರಿಲ್‌ನಲ್ಲಿ ಬದಲಾವಣೆಯ ನಿರ್ಧಾರವನ್ನು ಪ್ರಕಟಿಸಿದಾಗ ಅವರು ಮೊದಲು ತಂತ್ರಾಂಶದ ಹೆಸರನ್ನು ಹೇಳಲಿಲ್ಲ. ಬೇಕುಗಳ ಪಟ್ಟಿ ಮಾಡಿದರು. ಬರುವವರ ಗುರುತು ತಿಳಿದಿರಬೇಕು. ಕೆಟ್ಟ ವರ್ತನೆಯನ್ನು ತಡೆಯುವ ಉಪಾಯವಿರಬೇಕು. ದೃಷ್ಟಿಹೀನರೂ ಬಳಸುವಂತಿರಬೇಕು. ಹೊಸದಾಗಿ ತಾವೇ ಕಟ್ಟಬಾರದು, ಸಿದ್ಧವಿರುವುದನ್ನೇ ಆರಿಸಬೇಕು. ಅನಂತರ ಮ್ಯಾಟರ್‌ಮೋಸ್ಟ್, ಮ್ಯಾಟ್ರಿಕ್ಸ್, ರಾಕೆಟ್ ಚಾಟ್ ಮತ್ತು ಸ್ಲ್ಯಾಕ್ ಎಂಬ ನಾಲ್ಕನ್ನು ಸದಸ್ಯರಿಂದಲೇ ಪರೀಕ್ಷೆ ಮಾಡಿಸಿದರು. ಡಿಸೆಂಬರ್‌ನಲ್ಲಿ ಮ್ಯಾಟ್ರಿಕ್ಸನ್ನು ಆರಿಸಿ, 2020ರ ಮಾರ್ಚ್‌ನಲ್ಲಿ ಹಳೆಯದನ್ನು ನಿಲ್ಲಿಸಿದರು. ವಿಶೇಷವೆಂದರೆ, ನುರಿತ ತಂತ್ರಜ್ಞರಿದ್ದ ಆ ಸಂಸ್ಥೆಯೂ ಸರ್ವರನ್ನು ತಾನೇ ನಡೆಸಲು ಹೋಗದೆ, ಹಣ ಕೊಟ್ಟು ನಡೆಸಿಕೊಡುವವರಿಗೆ ಒಪ್ಪಿಸಿತು.

ನಮ್ಮಂಥವರಿಗೆ ಇದರಲ್ಲಿ ಎರಡು ಪಾಠಗಳಿವೆ. ಬೇಕುಗಳ ಪಟ್ಟಿ ಮೊದಲು, ತಂತ್ರಾಂಶ ಆಮೇಲೆ. ನಡೆಸುವ ಶಕ್ತಿ ಇಲ್ಲದಿದ್ದರೆ ನಡೆಸಿಕೊಡುವವರನ್ನು ಗೊತ್ತುಮಾಡುವುದರಲ್ಲಿ ಅವಮಾನವಿಲ್ಲ.

ಲಭ್ಯವಿರುವ ತಂತ್ರಾಂಶಗಳು

1. ಪ್ರೊಸೊಡಿ ಮತ್ತು ಸ್ನಿಕೆಟ್: ಇವು ಎಕ್ಸ್‌ಎಂಪಿಪಿ ಎಂಬ ಪದ್ಧತಿಯವು. ಈ ಪದ್ಧತಿ 1999ರಲ್ಲಿ ಜಾಬರ್ ಎಂಬ ಹೆಸರಿನಿಂದ ಆರಂಭವಾಗಿ 2004ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಬಹಳ ಹಗುರ, 1 ಜಿಬಿ ಮೆಮೊರಿಯ ಸಣ್ಣ ಬಾಡಿಗೆ ಯಂತ್ರದಲ್ಲೂ ನಡೆಯುತ್ತದೆ. ಪ್ರೊಸೊಡಿಯನ್ನೇ ಸಣ್ಣ ಗುಂಪುಗಳಿಗಾಗಿ ಸಿದ್ಧಪಡಿಸಿ ಕೊಟ್ಟಿರುವುದು ಸ್ನಿಕೆಟ್. ಇದರಲ್ಲಿ ಆಹ್ವಾನ ಪಡೆದವರಿಗೆ ಮಾತ್ರ ಪ್ರವೇಶ. ಆದರೆ ಹಳೆಯ ಸಂದೇಶಗಳನ್ನು ಸರ್ವರ್‌ನಲ್ಲಿ ಎಷ್ಟು ದಿನ ಇಡಬೇಕೆಂದು ನಾವೇ ಹೊಂದಿಸಬೇಕು. ಸುಮ್ಮನೆ ಬಿಟ್ಟರೆ ಕೆಲವೇ ದಿನ ಇಡುತ್ತದೆ. ದಿನದ ಮಾತಿಗೆ ಒಳ್ಳೆಯದು, ದಾಖಲೆಗೆ ಅಷ್ಟು ಅನುಕೂಲವಲ್ಲ.

2. ಮ್ಯಾಟ್ರಿಕ್ಸ್: 2014ರಲ್ಲಿ ಆರಂಭವಾದದ್ದು. ಸರ್ವರ್ ತಂತ್ರಾಂಶದ ಹೆಸರು ಸಿನ್ಯಾಪ್ಸ್, ಫೋನಿನ ಆಪ್ ಎಲಿಮೆಂಟ್. ಬೇರೆ ಬೇರೆ ಸಂಘಗಳ ಸರ್ವರ್‌ಗಳು ಪರಸ್ಪರ ಮಾತನಾಡಬಲ್ಲವು ಎಂಬುದು ಇದರ ಹೆಚ್ಚುಗಾರಿಕೆ. ಮೆಮೊರಿ ಮತ್ತು ಡಿಸ್ಕ್ ಹೆಚ್ಚು ಬೇಕು. ಎರಡು ಸಂಗತಿಗಳನ್ನು ಮೊದಲೇ ಯೋಚಿಸಬೇಕು: ಸರ್ವರಿಗೆ ಇಟ್ಟ ಹೆಸರನ್ನು ಆಮೇಲೆ ಬದಲಿಸಲಾಗದು, ಒಂದು ಕೋಣೆಯಲ್ಲಿ ಗೂಢಲಿಪಿಯನ್ನು ಒಮ್ಮೆ ಚಾಲೂ ಮಾಡಿದರೆ ತೆಗೆಯಲಾಗದು. ಗೂಢಲಿಪಿ ಖಾಸಗಿ ಮಾತಿಗೆ ಅವಶ್ಯ. ಆದರೆ ಸದಸ್ಯರ ಫೋನ್ ಕಳೆದು, ಅದರ ಕೀಲಿಯನ್ನು ಬೇರೆಡೆ ಉಳಿಸಿರದಿದ್ದರೆ ಹಳೆಯ ಸಂದೇಶಗಳನ್ನು ಅವರು ಓದಲಾಗದು. ಆದಕಾರಣ ಎಲ್ಲರಿಗಾಗಿ ಇರುವ ಸಲಹಾ ಕೋಣೆಗೆ ಅದನ್ನು ಹಾಕದಿರುವುದೇ ಲೇಸು.

3. ಜುಲಿಪ್: 2015ರಿಂದ ಮುಕ್ತ ತಂತ್ರಾಂಶವಾಗಿದೆ. ಗುಂಪಿನ ಮಾತುಗಳು ವಿಷಯ ಶೀರ್ಷಿಕೆಗಳ ಅಡಿಯಲ್ಲಿ ಸೇರುತ್ತವೆ. ಲೆಡ್ಜರಿನಲ್ಲಿ ಖಾತೆವಾರು ಬರೆದಂತೆ. ‘ಕಾಂಡಕೊರಕ’ ಎಂಬ ಶೀರ್ಷಿಕೆ ತೆರೆದರೆ ಅದರ ಬಗ್ಗೆ ಹಿಂದೆ ನಡೆದ ಚರ್ಚೆ ಒಂದೇ ಕಡೆ ಸಿಗುತ್ತದೆ. ಕನಿಷ್ಠ 2 ಜಿಬಿ ಮೆಮೊರಿ ಬೇಕು. ಫೋನಿಗೆ ಸೂಚನೆಯ ಗಂಟೆ ಬರಬೇಕಾದರೆ ಮೂಲ ಸಂಸ್ಥೆಯ ಸೇವೆಯಲ್ಲಿ ನೋಂದಾಯಿಸಬೇಕು. ಗುಂಪಿನ ಗಾತ್ರ ಮತ್ತು ಸ್ವರೂಪ ನೋಡಿ ಇದಕ್ಕೆ ಶುಲ್ಕವಿರಬಹುದು.

4. ಮ್ಯಾಟರ್‌ಮೋಸ್ಟ್ ಮತ್ತು ರಾಕೆಟ್ ಚಾಟ್: ಕಚೇರಿ ಕೆಲಸಕ್ಕೆ ಒಪ್ಪುವಂಥವು. ಕೆಲವು ಸೌಲಭ್ಯಗಳು ಹಣ ಕೊಟ್ಟವರಿಗೆ ಮಾತ್ರ. ಸಣ್ಣ ಬೆಳೆಗಾರರ ಸಂಘಕ್ಕೆ ಇವುಗಳ ಅವಶ್ಯಕತೆ ಕಡಿಮೆ.

ನಮ್ಮ ಅಭಿಪ್ರಾಯದಲ್ಲಿ ಅನುಭವದ ದಾಖಲೆ ಉಳಿಯಬೇಕೆನ್ನುವ ಸಂಘಕ್ಕೆ ಜುಲಿಪ್, ಸದಸ್ಯರೊಳಗಿನ ಮಾತು ಮಾತ್ರ ಸಾಕೆನ್ನುವವರಿಗೆ ಸ್ನಿಕೆಟ್, ಹಲವು ಸಂಘಗಳು ಒಟ್ಟಾಗಿ ಸೇರುವುದಿದ್ದರೆ ಮ್ಯಾಟ್ರಿಕ್ಸ್ ಒಪ್ಪುತ್ತದೆ. ಯಾವುದೇ ಆಗಲಿ, ಹತ್ತು ಮಂದಿ ಒಂದು ತಿಂಗಳು ಬಳಸಿ ನೋಡಬೇಕು. ಆ ಹತ್ತರಲ್ಲಿ ವಯಸ್ಸಾದವರೂ, ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನವರೂ ಇರಬೇಕು. ಕನ್ನಡದಲ್ಲಿ ಬರೆದದ್ದು ಹುಡುಕಿದಾಗ ಸಿಗುತ್ತದೆಯೇ, ಬರೆಯಲಾಗದವರು ಧ್ವನಿ ಸಂದೇಶ ಕಳುಹಿಸಬಹುದೇ, ಹಳೆಯ ಫೋನಿನಲ್ಲಿ ಆಪ್ ನಡೆಯುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು.

ಕೀಲಿ ಯಾರ ಕೈಯಲ್ಲಿ?

ತಂತ್ರಾಂಶದ ಆಯ್ಕೆಗಿಂತಲೂ ಮುಖ್ಯವಾದ ಪ್ರಶ್ನೆ ಇದು. ಫ್ರೀನೋಡ್ ಎಂಬ ಪ್ರಸಿದ್ಧ ಐಆರ್‌ಸಿ ಜಾಲವನ್ನು ಸ್ವಯಂಸೇವಕರು ಬಹು ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಜಗತ್ತಿನ ನೂರಾರು ಮುಕ್ತ ತಂತ್ರಾಂಶ ಬಳಗಗಳು ಅಲ್ಲಿ ಕೂಡುತ್ತಿದ್ದವು. ದುಡಿಮೆ ಸ್ವಯಂಸೇವಕರದಾದರೂ ಜಾಲದ ಹೆಸರು ಒಂದು ಕಂಪನಿಯ ವಶದಲ್ಲಿತ್ತು. ಆ ಕಂಪನಿ 2017ರಲ್ಲಿ ಕೈ ಬದಲಾಯಿಸಿತು. ಯಾರ ಅಧಿಕಾರ ಎಷ್ಟು ಎಂಬ ವಿವಾದ ಬೆಳೆದು, 2021ರ ಮೇ 19ರಂದು ಸ್ವಯಂಸೇವಕರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಎಂಬ ಹೊಸ ಜಾಲ ಆರಂಭಿಸಿದರು. ಕೆಲವೇ ದಿನಗಳಲ್ಲಿ, ಹೊಸ ಜಾಲದ ಹೆಸರೆತ್ತಿದ ನೂರಾರು ಕೋಣೆಗಳನ್ನು ಹಳೆಯ ಜಾಲದ ಹೊಸ ಆಡಳಿತ ವಶಪಡಿಸಿಕೊಂಡಿತು. ಜೂನ್‌ನಲ್ಲಿ ಹಳೆಯ ನೋಂದಣಿಗಳೇ ಅಳಿಸಿಹೋದವು. ತಂತ್ರಾಂಶದಲ್ಲಿ ಯಾವ ದೋಷವೂ ಇರಲಿಲ್ಲ. ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಲಿಬೆರಾ ಚಾಟ್‌ನವರು ಇದರಿಂದ ಪಾಠ ಕಲಿತು, ಸ್ವೀಡನ್ನಿನಲ್ಲಿ ಲಾಭರಹಿತ ಸಂಘವಾಗಿ ನೋಂದಾಯಿಸಿಕೊಂಡರು.

ಸಹಕಾರಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಘದ ಗೋದಾಮಿನ ಜಾಗ ಒಬ್ಬ ನಿರ್ದೇಶಕರ ಸ್ವಂತ ಹೆಸರಿನಲ್ಲಿದ್ದರೆ ನಾವು ಒಪ್ಪುತ್ತೇವೆಯೇ? ಡೊಮೇನ್ ಹೆಸರು, ಬಾಡಿಗೆ ಸರ್ವರ್‌ನ ಖಾತೆ, ಅದಕ್ಕೆ ಜೋಡಿಸಿದ ಇಮೇಲ್ ಮತ್ತು ಫೋನ್ ನಂಬರ್ ಎಲ್ಲವೂ ಸಂಘದವೇ ಆಗಿರಬೇಕು. ಬಿಲ್ಲು ಸಂಘದ ಹೆಸರಿಗೆ ಬರಬೇಕು. ಪಾಸ್‌ವರ್ಡ್‌ಗಳು ಕನಿಷ್ಠ ಇಬ್ಬರಿಗೆ ತಿಳಿದಿರಬೇಕು; ಒಂದು ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿರಬೇಕು. ಡೊಮೇನ್ ನವೀಕರಣದ ದಿನಾಂಕವನ್ನು ವಿಮೆಯ ಕಂತಿನ ದಿನಾಂಕದಂತೆ ಡೈರಿಯಲ್ಲಿ ಬರೆದಿಡಬೇಕು.

ನಿತ್ಯ ನಿರ್ವಹಣೆ

ಸರ್ವರನ್ನು ಸಂಘದ ಕಚೇರಿಯಲ್ಲೇ ಇಡುವ ಆಸೆ ಬೇಡ. ಮಳೆಗಾಲದ ಕರೆಂಟು, ಸಿಡಿಲು, ಕಡಿದುಹೋಗುವ ಕೇಬಲ್ ನಮಗೆ ಗೊತ್ತಿರುವುದೇ. ಡೇಟಾ ಸೆಂಟರಿನಲ್ಲಿ ತಿಂಗಳ ಬಾಡಿಗೆಗೆ ಯಂತ್ರ ಪಡೆಯುವುದು ಸೂಕ್ತ.

ತಂತ್ರಾಂಶದ ಪರಿಷ್ಕರಣೆಗಳನ್ನು ಬಂದಾಗಲೇ ಹಾಕಬೇಕು. ಬೋರ್ಡೋ ದ್ರಾವಣ ಕೊಳೆ ಬಂದ ಮೇಲೆ ಹೊಡೆದರೆ ಸಿಗುವ ಫಲವೆಷ್ಟೆಂದು ನಮಗೆ ಗೊತ್ತು. 2019ರ ಏಪ್ರಿಲ್‌ನಲ್ಲಿ ಮ್ಯಾಟ್ರಿಕ್ಸ್ ಯೋಜನೆಯವರ ಸ್ವಂತ ಸರ್ವರಿಗೇ ಕಳ್ಳರು ನುಗ್ಗಿದ್ದು, ಪರಿಷ್ಕರಿಸದೆ ಉಳಿದಿದ್ದ ಒಂದು ಸಹಾಯಕ ತಂತ್ರಾಂಶದ ಮೂಲಕ. ಎಲ್ಲ ಬಳಕೆದಾರರನ್ನೂ ಹೊರಹಾಕಿ ಮತ್ತೆ ಒಳಗೆ ಬರಮಾಡಬೇಕಾಯಿತು. ಕೀಲಿಯ ಪ್ರತಿ ಇಟ್ಟುಕೊಳ್ಳದಿದ್ದವರು ಹಳೆಯ ಗೂಢ ಸಂದೇಶಗಳನ್ನು ಕಳೆದುಕೊಂಡರು.

ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ನಿಯಮ. ಬ್ಯಾಕಪ್ ಇದ್ದರೆ ಸಾಲದು. ಮೂರು ತಿಂಗಳಿಗೊಮ್ಮೆ ಅದರಿಂದ ಬೇರೊಂದು ಯಂತ್ರದಲ್ಲಿ ಎಲ್ಲವನ್ನೂ ಮತ್ತೆ ನಿಲ್ಲಿಸಿ ನೋಡಬೇಕು. ಬಿತ್ತಿ ನೋಡದ ಬೀಜದ ಮೊಳಕೆಯನ್ನು ನಂಬುವಂತಿಲ್ಲ.

ಫೋಟೋಗಳ ಲೆಕ್ಕವನ್ನೂ ನೋಡೋಣ. 300 ಸದಸ್ಯರ ಗುಂಪಿನಲ್ಲಿ ದಿನಕ್ಕೆ 100 ಫೋಟೋ, ಒಂದಕ್ಕೆ 300 ಕೆಬಿ ಎಂದುಕೊಂಡರೆ ದಿನಕ್ಕೆ 30 ಎಂಬಿ, ವರ್ಷಕ್ಕೆ ಸುಮಾರು 11 ಜಿಬಿ. 10 ಎಂಬಿಯ ಒಂದು ವಿಡಿಯೋ ಇಂಥ 33 ಫೋಟೋಗಳಿಗೆ ಸಮ. ಆದ್ದರಿಂದ ಕಡತದ ಗಾತ್ರಕ್ಕೆ ಮಿತಿ ಹಾಕಬೇಕು.

ನಡವಳಿಕೆಯ ನಿಯಮಗಳು ಒಂದೇ ಪುಟದಲ್ಲಿರಲಿ. ಶಿಸ್ತಿಗೆ ಮೂವರ ಸಮಿತಿ ಇರಲಿ. ಸದಸ್ಯರನ್ನು ಹೊರಹಾಕುವ ಅಧಿಕಾರ ಒಬ್ಬರಿಗೇ ಇರಬಾರದು. ಸದಸ್ಯರ ಹೆಸರು ಮತ್ತು ಫೋನ್ ನಂಬರ್ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ವೈಯಕ್ತಿಕ ದತ್ತಾಂಶ. ಸರ್ವರ್ ನಡೆಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹೊಣೆಗಳೂ ಇವೆ. ಆರಂಭಕ್ಕೆ ಮುನ್ನ ಸಂಘದ ವಕೀಲರ ಸಲಹೆ ಪಡೆದು, ದೂರು ಸ್ವೀಕರಿಸುವವರ ಹೆಸರನ್ನು ಪ್ರಕಟಿಸಬೇಕು.

ಮಹಾಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಖರ್ಚಿನಲ್ಲಿ ಬಾಡಿಗೆ ಮತ್ತು ಡೊಮೇನ್ ಶುಲ್ಕ ಸಣ್ಣವು. ಮನುಷ್ಯರ ಸಮಯವೇ ದೊಡ್ಡದು. ಸ್ವಂತ ಸರ್ವರ್ ಬೇಕೆನ್ನುವ ಯಾವುದೇ ಸಂಘ ಈ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಉಚಿತ:

1. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಇಬ್ಬರು ಯಾರು? ಅವರು ಊರು ಬಿಟ್ಟರೆ ಮೂರನೆಯವರು ಯಾರು?
2. ಮೂರು ವರ್ಷದ ಖರ್ಚು ಯಾವ ಬಾಬಿನಿಂದ?
3. ಹಳೆಯ ಮಾತುಕತೆಯನ್ನು ಎಷ್ಟು ವರ್ಷ ಇಡುವುದು?
4. ಮುಚ್ಚಬೇಕಾಗಿ ಬಂದರೆ ಸದಸ್ಯರಿಗೆ ಅವರ ದಾಖಲೆಯನ್ನು ಹೇಗೆ ತಲುಪಿಸುವುದು?

ಮೊದಲನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಉಳಿದ ಮೂರನ್ನು ಕೇಳುವ ಅಗತ್ಯವಿಲ್ಲ. ಆಗ ಈಗಿನ ಗುಂಪನ್ನೇ ಮುಂದುವರಿಸಿ, ಒಳ್ಳೆಯ ಸಲಹೆಗಳನ್ನು ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡುವುದೇ ಲೇಸು. ಉತ್ತರವಿದ್ದರೆ, ಹತ್ತು ಮಂದಿಯಿಂದ ಆರಂಭಿಸಬಹುದು. ತೋಟ ನೆಡುವುದು ಒಂದು ಮಳೆಗಾಲದ ಕೆಲಸ. ನೋಡಿಕೊಳ್ಳುವುದು ಪ್ರತಿ ವರ್ಷದ್ದು. ಸರ್ವರ್ ವಿಷಯವೂ ಹಾಗೆಯೇ. ಸದಸ್ಯ ಬಾಂಧವರು ಈ ಬಗ್ಗೆ ತಮ್ಮ ಅಭಿಪ್ರಾಯವನ್ನು ಮುಂದಿನ ಸಭೆಗೆ ಮುನ್ನ ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.