ಓಡುವ ಗಾಡಿ, ನಿಲ್ಲುವ ಗಾಡಿ

ಎತ್ತಿನ ಚಕ್ಕಡಿಯೇ ಹಳ್ಳಿಗಳ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ಹಾನಗಲ್ಲಿಗೋ ಸವಣೂರಿಗೋ ಸಂತೆಗೆ ಹೊರಡುವ ರೈತನು ಎತ್ತುಗಳನ್ನು ಹೂಡುವ ಮೊದಲು ಚಕ್ಕಡಿಯ ಸುತ್ತ ಒಂದು ಸುತ್ತು ಬರುತ್ತಿದ್ದನು. ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೇ, ಗಾಲಿ ಕಳಚದಂತೆ ತಡೆಯುವ ಕಡೆಗೀಲು ಭದ್ರವಾಗಿದೆಯೇ, ಎತ್ತಿನ ಗೊರಸಿನ ಲಾಳ ಸವೆದಿದೆಯೇ ಎಂದು ನೋಡುತ್ತಿದ್ದನು. ಮರಳುವ ವೇಳೆಗೆ ಕತ್ತಲಾಗುವುದೆಂದು ಚಕ್ಕಡಿಯ ಕೆಳಗೆ ಕಂದೀಲೊಂದನ್ನು ತೂಗುಹಾಕುತ್ತಿದ್ದನು. ಇದನ್ನು ಯಾವ ಕಾಯಿದೆಯೂ ಅವನಿಗೆ ಕಲಿಸಿರಲಿಲ್ಲ. ನಡುದಾರಿಯಲ್ಲಿ ಗಾಲಿ ಕಳಚಿದರೆ ಆಗುವ ಪಾಡನ್ನು ಅವನು ಬಲ್ಲವನಾಗಿದ್ದನು, ಅಷ್ಟೆ.

ಇಂದು ಆ ಚಕ್ಕಡಿಯ ಕೆಲಸದ ಬಹುಭಾಗವನ್ನು ಮೋಟಾರ್ ಸೈಕಲ್ಲು ವಹಿಸಿಕೊಂಡಿದೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಔಷಧ ಸಿಂಪಡಿಸುವ ಪಂಪು, ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿ, ಎಲ್ಲರನ್ನೂ ಎಲ್ಲವನ್ನೂ ಅದು ಹೊರುತ್ತದೆ. ಜನರು ಅದನ್ನೂ ಗಾಡಿ ಎಂದೇ ಕರೆಯುತ್ತಾರೆ. ಹೆಸರು ಉಳಿಯಿತು, ಹೊರಡುವ ಮುನ್ನ ಸುತ್ತ ಬರುವ ಆ ಒಂದು ಸುತ್ತು ಮಾತ್ರ ಉಳಿಯಲಿಲ್ಲ.

ಒಳ್ಳೆಯ ಗಾಡಿ ಯಾವುದೆಂದು ಯಾರನ್ನಾದರೂ ಕೇಳಿ ನೋಡಿರಿ. “ಒಂದೇ ಒದೆತಕ್ಕೆ ಶುರುವಾಗುತ್ತದೆ, ಇಷ್ಟು ವರ್ಷವಾದರೂ ಕೈಕೊಟ್ಟಿಲ್ಲ” ಎಂಬ ಉತ್ತರ ಬರುವುದು ಸಾಮಾನ್ಯ. ಈ ಹೊಗಳಿಕೆ ಎಂಜಿನ್ನಿಗೆ ಸಲ್ಲತಕ್ಕದ್ದು. ಆದರೆ ಗಾಡಿಯೆಂದರೆ ಎಂಜಿನ್ನು ಮಾತ್ರವಲ್ಲ. ಶುರುವಾಗುವ ಗಾಡಿ ಬೇಕಾದಾಗ ನಿಲ್ಲುವುದೇ, ಕತ್ತಲೆಯಲ್ಲಿ ಹಿಂದಿನವರಿಗೆ ಕಾಣುವುದೇ, ತೇವದ ತಿರುವಿನಲ್ಲಿ ನೆಲವನ್ನು ಹಿಡಿಯುವುದೇ ಎಂಬ ಪ್ರಶ್ನೆಗಳಿಗೆ ಆ ಹೊಗಳಿಕೆಯಲ್ಲಿ ಉತ್ತರವಿಲ್ಲ.

ನಮ್ಮ ರಾಜ್ಯದ ಒಂದು ಪ್ರಸಿದ್ಧ ವಾಹನದ ಉದಾಹರಣೆಯನ್ನು ಇಲ್ಲಿ ಸ್ಮರಿಸಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಝೆಕೊಸ್ಲೊವಾಕಿಯದ ಮಾದರಿಯಲ್ಲಿ ಜಾವಾ ಮೋಟಾರ್ ಸೈಕಲ್ಲುಗಳನ್ನೂ, 1973ರಿಂದ ಯೆಜ್ಡಿ ಎಂಬ ಹೆಸರಿನವುಗಳನ್ನೂ ತಯಾರಿಸಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಮೈಸೂರಿನಲ್ಲಿ ಹುಟ್ಟಿದ ಆ ಗಾಡಿಗಳಲ್ಲಿ ಅನೇಕವು ಇಂದೂ ಓಡುತ್ತಿವೆ. ಅವು ಬಾಳಿಕೆ ಬಂದದ್ದು ಹೇಗೆ? ಎರಡು ಹೊಡೆತದ ಆ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ. ಇದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆ ಗಾಡಿಯು ಯಜಮಾನನಿಂದ ಸದಾ ಸೇವೆಯನ್ನು ಬೇಡುತ್ತಿತ್ತು. ಪೆಟ್ರೋಲಿಗೆ ಎಣ್ಣೆಯನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಬೇಕು. ಎಣ್ಣೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ನು ಸಿಕ್ಕಿಕೊಳ್ಳುವ ಭಯ. ಪ್ಲಗ್ಗನ್ನು ಬಿಚ್ಚಿ ಉಜ್ಜಬೇಕು, ಪಾಯಿಂಟಿನ ಅಂತರವನ್ನು ಸರಿಪಡಿಸಬೇಕು. ಹೀಗೆ ವಾರಕ್ಕೊಮ್ಮೆಯಾದರೂ ಗಾಡಿಯ ಪಕ್ಕದಲ್ಲಿ ಕುಳಿತವನ ಕಣ್ಣಿಗೆ ಸಡಿಲವಾದ ಚೈನು, ಸವೆದ ಟೈರು, ಮುರಿದ ಸ್ಪೋಕು ತಾವಾಗಿಯೇ ಬೀಳುತ್ತಿದ್ದವು.

ಇಂದಿನ ಎಂಜಿನ್ನು ಅಂತಹ ಸೇವೆಯನ್ನು ಬೇಡುವುದಿಲ್ಲ. ಕಾಲಕಾಲಕ್ಕೆ ಎಣ್ಣೆ ಬದಲಿಸಿ, ಗಾಳಿಯ ಫಿಲ್ಟರನ್ನು ಶುಚಿಯಾಗಿಟ್ಟರೆ ವರ್ಷಗಟ್ಟಲೆ ದುಡಿಯುತ್ತದೆ. ಇದು ತಂತ್ರಜ್ಞಾನದ ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಂಜಿನ್ನು ನಂಬಿಕೆಗೆ ಪಾತ್ರವಾದಷ್ಟೂ ಯಜಮಾನನು ಗಾಡಿಯ ಉಳಿದ ಅಂಗಗಳನ್ನು ನೋಡುವುದನ್ನೇ ಮರೆತನು. ಬ್ರೇಕು, ಟೈರು, ದೀಪಗಳು ಸದ್ದಿಲ್ಲದೆ ಸವೆಯುತ್ತವೆ. ಅವು ದೂರು ಹೇಳುವುದಿಲ್ಲ.

ಕಾಯಿದೆಯು ಈ ಅಂಗಗಳನ್ನು ಯಾವಾಗ ನೋಡುತ್ತದೆ? 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಮೋಟಾರ್ ಸೈಕಲ್ಲಿನ ನೋಂದಣಿಯು 15 ವರ್ಷ ಊರ್ಜಿತವಾಗಿರುತ್ತದೆ. ಅನಂತರ ಅದನ್ನು ಐದೈದು ವರ್ಷಗಳಿಗೆ ನವೀಕರಿಸಬೇಕು. ಆಗ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಬೇಕು. ಹೊಗೆ ತಪಾಸಣೆಯ ಪತ್ರವನ್ನು ನಡುನಡುವೆ ಪಡೆಯಬೇಕಾದರೂ, ಅದು ಹೊಗೆಯ ವಿಷಯವನ್ನಷ್ಟೇ ಹೇಳುತ್ತದೆ. ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿ ವಾಹನಗಳ ಕಡ್ಡಾಯ ಪರೀಕ್ಷೆ 1960ರಲ್ಲಿ ಆರಂಭವಾಯಿತು. ಈಗ ಮೂರು ವರ್ಷ ತುಂಬಿದ ಮೋಟಾರ್ ಸೈಕಲ್ಲು ಪ್ರತಿವರ್ಷವೂ ಪರೀಕ್ಷೆಗೆ ನಿಲ್ಲಬೇಕು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ. ಬ್ರಿಟನ್ನಿನ ಪರೀಕ್ಷೆಯಲ್ಲಿ ಮೋಟಾರ್ ಸೈಕಲ್ಲುಗಳು ಅನುತ್ತೀರ್ಣವಾಗಲು ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ದೀಪಗಳ ದೋಷ. ಬ್ರೇಕು, ಟೈರು, ಹ್ಯಾಂಡಲ್ಲಿನ ಬೇರಿಂಗು, ಶಾಕ್ ಅಬ್ಸಾರ್ಬರುಗಳ ದೋಷಗಳು ಅದರ ಹಿಂದೆ ಬರುತ್ತವೆ. ಎಂಜಿನ್ನಿನ ಶಕ್ತಿಯನ್ನು ಅಲ್ಲಿ ಅಳೆಯುವುದೇ ಇಲ್ಲ! ನಮ್ಮಲ್ಲಿ ಮೊದಲ 15 ವರ್ಷಗಳ ಕಾಲ ಗಾಡಿಯ ಬ್ರೇಕು, ದೀಪಗಳಿಗೆ ಮನೆಯವರೇ ಪರೀಕ್ಷಕರು.

ಹಾವೇರಿ ಜಿಲ್ಲೆಯಂತಹ ಪ್ರದೇಶದಲ್ಲಿ ಈ ಪರೀಕ್ಷಕರಿಗೆ ಕೆಲಸ ಕಡಿಮೆಯೇನಿಲ್ಲ. ಹಾನಗಲ್ಲ ತಾಲ್ಲೂಕು ಮಲೆನಾಡಿನ ಸೆರಗಿನಲ್ಲಿದೆ; ಮಳೆಗಾಲದಲ್ಲಿ ಅಲ್ಲಿನ ಗಾಡಿ ಒಣಗುವುದೇ ಅಪರೂಪ. ಕೇಬಲ್ಲಿನೊಳಗೆ ನೀರು ಸೇರಿ ತುಕ್ಕು ಹಿಡಿದರೆ, ಹಿಡಿಕೆಯನ್ನು ಒತ್ತಿದರೂ ಬ್ರೇಕು ಜಗ್ಗುತ್ತದೆ, ಬಿಟ್ಟರೂ ಸಡಿಲವಾಗದು. ಹಳ್ಳವನ್ನು ದಾಟಿದ ಮೇಲೆ ಡ್ರಮ್ಮಿನೊಳಗಿನ ಲೈನರು ನೆನೆದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಆಗ ನಿಧಾನವಾಗಿ ಸಾಗುತ್ತ, ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ, ಘರ್ಷಣೆಯ ಬಿಸಿಯಿಂದ ಅದನ್ನು ಒಣಗಿಸಿಕೊಳ್ಳಬೇಕು. ಸವಣೂರಿನ ಕಡೆ ಎರೆಭೂಮಿ. ಅದರ ಜಿಗುಟು ಕೆಸರು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆಲ್ಲದಂತೆ ಕಟ್ಟಿಕೊಳ್ಳುತ್ತದೆ. ಚೈನಿಗೆ ಮೆತ್ತಿ ಒಣಗಿ, ಅರದಂತೆ ಹಲ್ಲುಗಳನ್ನು ತೇಯುತ್ತದೆ. ಸುಗ್ಗಿಯ ಕಾಲಕ್ಕೆ ಹಿರೇಕೆರೂರಿನ ಕಡೆಗೆ ಹೋದರೆ ಮತ್ತೊಂದು ನೋಟ. ಗೋವಿನಜೋಳ, ಹುರುಳಿ ಮೊದಲಾದವು ರಸ್ತೆಯ ಮೇಲೆಯೇ ಹರವಿರುತ್ತವೆ. ಒಣಗಿದ ಬಳ್ಳಿ ಚೈನಿಗೂ ಬ್ರೇಕಿನ ರಾಡಿಗೂ ಸುತ್ತಿಕೊಳ್ಳುವುದುಂಟು. ಕಾಳಿನ ಮೇಲೆ ಟೈರು ಗೋಲಿಗಳ ಮೇಲೆ ನಿಂತಂತೆ ಜಾರುತ್ತದೆ. ರಸ್ತೆಯನ್ನು ಕಣವಾಗಿಸುವ ಈ ರೂಢಿಯು ರೈತನ ಶ್ರಮವನ್ನು ಉಳಿಸುತ್ತದೆಂಬುದು ನಿಜ. ಆದರೂ ಅದನ್ನು ಒಪ್ಪುವುದು ಕಷ್ಟ.

ಟೈರು ಸವೆದಿದೆಯೇ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬಗಳಿರುತ್ತವೆ. ಟೈರಿನ ಮೇಲ್ಮೈ ಆ ದಿಬ್ಬಗಳ ಮಟ್ಟಕ್ಕೆ ಇಳಿದಿದ್ದರೆ ಅದರ ಆಯುಷ್ಯ ಮುಗಿದಂತೆ. ಒಣರಸ್ತೆಯಲ್ಲಿ ಬೋಳು ಟೈರು ಹೇಗೋ ನಡೆದೀತು. ಮಳೆಯಲ್ಲಿ ನೀರು ಹರಿದುಹೋಗಲು ಗೀರುಗಳಿಲ್ಲದೆ, ನೀರಿನ ತೆಳುಪದರದ ಮೇಲೆ ತೇಲಿದಂತೆ ಜಾರುತ್ತದೆ.

ಬ್ರೇಕಿನ ವಿಷಯದಲ್ಲಿ ಒಂದು ತಪ್ಪುಕಲ್ಪನೆ ಬೇರೂರಿದೆ. ಮುಂದಿನ ಬ್ರೇಕನ್ನು ಒತ್ತಿದರೆ ಗಾಡಿ ಪಲ್ಟಿಯಾಗುತ್ತದೆಂದು ಹೆದರಿ, ಕೆಲವರು ಅದರ ಕೇಬಲ್ಲನ್ನೇ ಸಡಿಲಿಸಿಬಿಡುತ್ತಾರೆ. ವೇಗವನ್ನು ತಗ್ಗಿಸುವಾಗ ಭಾರವು ಮುಂದಕ್ಕೆ ವಾಲುತ್ತದೆ. ಬಸ್ಸು ನಿಂತಾಗ ನಾವು ಮುಂದಕ್ಕೆ ಬಾಗುವಂತೆ. ಆಗ ನೆಲವನ್ನು ಗಟ್ಟಿಯಾಗಿ ಒತ್ತುವುದು ಮುಂದಿನ ಗಾಲಿ, ಹಗುರವಾಗುವುದು ಹಿಂದಿನ ಗಾಲಿ. ಆದ್ದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು; ಎರಡನ್ನೂ ಒಟ್ಟಿಗೆ, ಕ್ರಮವಾಗಿ ಒತ್ತುವುದೇ ಸರಿಯಾದ ರೀತಿ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಅಪಾಯವನ್ನು ಕಂಡು ಕೈ ಹಿಡಿಕೆಗೆ ಹೋಗುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ. ಉಳಿದ ದೂರದಲ್ಲಿ ಅರ್ಧ ಬ್ರೇಕಿನಿಂದ ಏನು ಸಾಧ್ಯ?

ಶಿಗ್ಗಾಂವಿಯ ಬಳಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳು ವೇಗವಾಗಿ ಬರುತ್ತವೆ. ಹೊಲದ ದಾರಿಯಿಂದ ಸಂಜೆಗತ್ತಲಲ್ಲಿ ಆ ಹೆದ್ದಾರಿಗೆ ಏರುವ ಗಾಡಿಗೆ ಹಿಂದಿನ ಕೆಂಪುದೀಪವೇ ರಕ್ಷೆ. ಮುಂದಿನ ದೀಪ ಕೆಟ್ಟರೆ ಸವಾರನಿಗೆ ದಾರಿ ಕಾಣದು, ಆದ್ದರಿಂದ ಅದನ್ನು ಕೂಡಲೇ ರಿಪೇರಿ ಮಾಡಿಸುತ್ತಾನೆ. ಹಿಂದಿನದು ಕೆಟ್ಟರೆ ಅವನಿಗೆ ತಿಳಿಯುವುದೇ ಇಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟರು. ಅವರಲ್ಲಿ 74,897 ಜನರು ದ್ವಿಚಕ್ರ ವಾಹನಗಳಲ್ಲಿದ್ದವರು. ಈ ಸಾವುಗಳಿಗೆಲ್ಲ ಗಾಡಿಯ ದೋಷವೇ ಕಾರಣವೆಂದು ಹೇಳಲಾಗದು. ಅತಿವೇಗವಿದೆ, ಕುಡಿತವಿದೆ, ಹೆಲ್ಮೆಟ್ಟಿಲ್ಲದ ತಲೆಗಳಿವೆ. ಆದರೂ ಸವಾರನ ತಪ್ಪು ಮತ್ತೊಬ್ಬರ ತಪ್ಪಿನೊಡನೆ ಕೂಡುವ ಆ ಗಳಿಗೆಯಲ್ಲಿ, ಜೀವವನ್ನು ಉಳಿಸಬಲ್ಲದ್ದು ಒಳ್ಳೆಯ ಬ್ರೇಕು.

ನಿಯಮಗಳಲ್ಲಿ ಒಂದು ನನಗೆ ವಿಶೇಷವಾಗಿ ಮೆಚ್ಚುಗೆಯಾದದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು, ಹಿಂದೆ ಕುಳಿತವರಿಗೆ ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಮೆಟ್ಟು ಹಾಗೂ ಹಿಂದಿನ ಗಾಲಿಯ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ವಿಧಿಸುತ್ತದೆ. ಜನರು ಇದನ್ನು ಸೀರೆ ಗಾರ್ಡು ಎನ್ನುತ್ತಾರೆ. ಅಂದಕ್ಕಾಗಿ ಇದನ್ನು ಬಿಚ್ಚಿಸುವ ತರುಣರುಂಟು. ಸೆರಗು ಸ್ಪೋಕಿಗೆ ಸಿಕ್ಕಿದರೆ ತಾಯಿಗಾಗಲಿ ತಂಗಿಗಾಗಲಿ ಏನಾಗುವುದೆಂದು ಅವರು ಯೋಚಿಸಿದಂತೆ ಕಾಣುವುದಿಲ್ಲ.

ಹದಿನೈದು ವರ್ಷಗಳ ಬಳಿಕ ಪರೀಕ್ಷೆಗೆ ಹೋದ ಗಾಡಿಯಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ನಿರೀಕ್ಷಕರು ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ಹೋಲಿಸುತ್ತಾರೆ. ತುಕ್ಕು ಅದನ್ನು ತಿಂದಿದ್ದರೆ, ಅಥವಾ ಬಣ್ಣ ಹೊಡೆಯುವವನು ಅದರ ಮೇಲೆ ದಪ್ಪನಾಗಿ ಬಳಿದಿದ್ದರೆ, ಗಾಡಿ ತನ್ನದೆಂದು ತೋರಿಸುವುದೇ ಕಷ್ಟವಾಗುತ್ತದೆ.

ವಿದ್ಯಾರ್ಥಿಗಳೇ, ಗೇರುಳ್ಳ ಮೋಟಾರ್ ಸೈಕಲ್ಲನ್ನು ಓಡಿಸಲು 18 ವರ್ಷ ತುಂಬಿರಬೇಕು. ಅಪ್ರಾಪ್ತರು ಓಡಿಸಿ ತಪ್ಪೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡದ ಜೊತೆಗೆ ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು. ನಿಮಗೆ ಓಡಿಸುವ ವಯಸ್ಸು ಬಂದಿಲ್ಲ. ನೋಡುವ ವಯಸ್ಸು ಬಂದಿದೆ. ಮುಂದಿನ ಗಾಲಿಯನ್ನು ಎರಡು ಬದಿಗಳಿಂದ ಹಿಡಿದು ಅಲುಗಿಸಿ, ಬೇರಿಂಗು ಸಡಿಲವಾಗಿದೆಯೇ ಎಂದು ತಿಳಿಯಬಹುದು. ಎಂಜಿನ್ನು ನಿಂತಿರುವಾಗ ಚೈನನ್ನು ಬೆರಳಿನಿಂದ ಎತ್ತಿ ಅದರ ಸಡಿಲವನ್ನು ಕಾಣಬಹುದು. ಎಂಜಿನ್ನು ಓಡುತ್ತಿರುವಾಗ ಅದರ ಬಳಿಗೆ ಬೆರಳನ್ನು ಒಯ್ಯಲೇಬಾರದು. ಬ್ರೇಕಿನ ದೀಪದ ಪರೀಕ್ಷೆಗೆ ಇಬ್ಬರು ಬೇಕು. ಬೆಳಗ್ಗೆ ತಂದೆಯವರೋ ಕಾಕಾನವರೋ ಗಾಡಿಯನ್ನು ಹೊರಗೆ ತಂದಾಗ, “ಒಮ್ಮೆ ಬ್ರೇಕು ಒತ್ತಿರಿ” ಎಂದು ಹೇಳಿ, ನೀವು ಹಿಂದೆ ನಿಂತು ನೋಡಿರಿ.