ಬರ್ಲಿನ್‌ನ ಗೆಳೆಯರ ಮನೆಯಲ್ಲಿ ನಿಮ್ಮ ಹುಟ್ಟುಹಬ್ಬ

ಬರ್ಲಿನ್‌ನಲ್ಲಿರುವ ಸ್ನೇಹಿತರು "ಈ ಸಲ ಹುಟ್ಟುಹಬ್ಬಕ್ಕೆ ಇಲ್ಲಿಗೇ ಬಾ" ಎಂದು ಕರೆದಿದ್ದಾರೆಯೇ? ಹಾಗಾದರೆ ವಿಮಾನದ ಟಿಕೆಟ್ ನೋಡುವ ಮೊದಲೇ ಅಲ್ಲಿನ ಒಂದು ರೂಢಿ ತಿಳಿದಿರಲಿ. ಜರ್ಮನಿಯಲ್ಲಿ ಹುಟ್ಟುಹಬ್ಬ ಯಾರದೋ ಆತಿಥ್ಯವೂ ಅವರದೇ. ಜನರನ್ನು ಕರೆಯುವವರು ಅವರು, ಕೇಕ್ ತರುವವರು ಅವರು, ಎಲ್ಲರನ್ನೂ ಹೋಟೆಲಿಗೆ ಕರೆದಿದ್ದರೆ ಬಿಲ್ ಕೊಡುವವರೂ ಅವರೇ. ನಮ್ಮಲ್ಲಿ ಮಕ್ಕಳು ಹುಟ್ಟಿದ ದಿನ ಶಾಲೆಗೆ ಚಾಕೊಲೇಟ್ ಒಯ್ದು ಹಂಚುವಂತೆ, ಅಲ್ಲಿ ಐವತ್ತು ದಾಟಿದವರೂ ತಮ್ಮ ಹುಟ್ಟುಹಬ್ಬದಂದು ಕಚೇರಿಗೆ ಕೇಕ್ ಹೊತ್ತುಕೊಂಡು ಹೋಗುತ್ತಾರೆ. ಹೀಗಾಗಿ ನೀವು ಗೆಳೆಯರ ಮನೆಯಲ್ಲಿ ಅತಿಥಿಯಾಗಿದ್ದರೂ ಆ ಒಂದು ದಿನ ಉಪಚಾರ ನಿಮ್ಮ ಕೈಯಿಂದಲೇ ಆಗಬೇಕು. ಇದನ್ನು ಹೊರೆ ಎಂದುಕೊಳ್ಳಬೇಡಿ. ಗುರುತಿಲ್ಲದ ಊರಿನಲ್ಲಿ ಸುಮ್ಮನೆ ಕೂತು ಸತ್ಕಾರ ಮಾಡಿಸಿಕೊಳ್ಳುವುದಕ್ಕಿಂತ, ಗೆಳೆಯರ ಗೆಳೆಯರಿಗೆ ನಿಮ್ಮ ಕೈಯಡುಗೆ ಬಡಿಸುತ್ತಾ ಪರಿಚಯ ಬೆಳೆಸಿಕೊಳ್ಳುವುದು ಎಷ್ಟೋ ಹಿತ.

ದಿನಾಂಕ ಮತ್ತು ವೀಸಾ

ಇನ್ನೊಂದು ನಂಬಿಕೆಯನ್ನೂ ಗಮನದಲ್ಲಿಡಿ. ಹುಟ್ಟಿದ ದಿನಕ್ಕಿಂತ ಮೊದಲೇ ಶುಭಾಶಯ ಹೇಳುವುದು ಜರ್ಮನ್ನರಿಗೆ ಅಪಶಕುನ. "ನಾಳೆ ಸಿಗುವುದಿಲ್ಲ, ಇವತ್ತೇ ಹೇಳಿಬಿಡುತ್ತೇನೆ" ಎನ್ನುವುದು ಅಲ್ಲಿ ನಡೆಯದು. ತಡವಾಗಿ ಹೇಳಿದರೆ ಏನೂ ತೊಂದರೆಯಿಲ್ಲ. ಹುಟ್ಟುಹಬ್ಬ ವಾರದ ನಡುವೆ ಬಂದರೆ ಪಾರ್ಟಿಯನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಳ್ಳುತ್ತಾರೆಯೇ ಹೊರತು ಹಿಂದಿನ ಶನಿವಾರಕ್ಕಲ್ಲ. ಆದ್ದರಿಂದ ಹುಟ್ಟಿದ ದಿನದ ನಂತರ ಒಂದು ವಾರಾಂತ್ಯವಾದರೂ ಅಲ್ಲಿರುವಂತೆ ಪ್ರಯಾಣ ಗೊತ್ತುಮಾಡಿ. ಅಲ್ಲಿಯ ಜನ ತಮ್ಮ ಸಂಜೆಗಳನ್ನು ವಾರಗಳ ಮೊದಲೇ ಹಂಚಿಕೊಂಡಿರುತ್ತಾರೆ. ಮೂರು ನಾಲ್ಕು ವಾರ ಮುಂಚೆ ಗೆಳೆಯರ ಮೂಲಕ ಎಲ್ಲರಿಗೂ ದಿನ ತಿಳಿಸಿದರೆ ಬರುತ್ತಾರೆ; ಹಿಂದಿನ ದಿನ ಕರೆದರೆ ಬಹುಪಾಲು ಬರಲಾರರು.

ಬೇಕಾಗುವುದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಬೇಸಿಗೆ ರಜೆಯ ಹೊತ್ತಿನಲ್ಲಿ ಅರ್ಜಿ ಕೇಂದ್ರದಲ್ಲಿ ದಿನ ಸಿಗುವುದೇ ಕಷ್ಟ. ಎರಡು ಮೂರು ತಿಂಗಳು ಮೊದಲೇ ಶುರುಮಾಡಿದರೆ ನೆಮ್ಮದಿ. ಬೆಂಗಳೂರಿನಲ್ಲಿ ಜರ್ಮನ್ ಕಾನ್ಸುಲೇಟ್ ಜನರಲ್ ಇದೆ. ಅರ್ಜಿ ಸ್ವೀಕರಿಸುವುದು ವಿಎಫ್‌ಎಸ್ ಕೇಂದ್ರ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ ಈ ದರ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು, ವಾಪಸಾಗುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು.

ಅರ್ಜಿಯಲ್ಲಿ ಭೇಟಿಯ ಉದ್ದೇಶವಾಗಿ ಸ್ನೇಹಿತರ ಭೇಟಿ ಎಂದೇ ಬರೆಯಿರಿ. ಇಲ್ಲದ ಹೋಟೆಲ್ ಬುಕಿಂಗ್ ತೋರಿಸಲು ಹೋಗಬೇಡಿ. ಗೆಳೆಯರಿಂದ ಆಹ್ವಾನ ಪತ್ರ ತರಿಸಿಕೊಳ್ಳಿ. ಅದರಲ್ಲಿ ಅವರ ವಿಳಾಸ, ನೀವು ಉಳಿಯುವ ದಿನಾಂಕಗಳು, ಇಬ್ಬರ ಪರಿಚಯ ಹೇಗೆ ಎಂಬ ಒಂದೆರಡು ಸಾಲು, ಹುಟ್ಟುಹಬ್ಬದ ವಿಷಯ, ಎಲ್ಲವೂ ಇರಲಿ. ಜೊತೆಗೆ ಅವರ ನಿವಾಸ ಪರವಾನಗಿಯ ಪ್ರತಿ ಬೇಕಾಗುತ್ತದೆ. ನಿಮ್ಮ ಖರ್ಚನ್ನು ಗೆಳೆಯರೇ ವಹಿಸಿಕೊಳ್ಳುವುದಾದರೆ ಬರೀ ಪತ್ರ ಸಾಲದು. ಅವರು ಅಲ್ಲಿನ ಸಂಬಂಧಪಟ್ಟ ಸರ್ಕಾರಿ ಕಚೇರಿಗೆ ಹೋಗಿ, ತಮ್ಮ ಆದಾಯದ ದಾಖಲೆ ತೋರಿಸಿ, ಫೆರ್‌ಫ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್ ಎಂಬ ಮುಚ್ಚಳಿಕೆ ಬರೆದುಕೊಡಬೇಕು. ನಿಮ್ಮ ಆಸ್ಪತ್ರೆ ಖರ್ಚಿನವರೆಗೆ ಕಾನೂನಿನ ಹೊಣೆ ಅವರ ಹೆಗಲಿಗೆ ಬೀಳುತ್ತದೆ. ಸ್ವಂತ ಉಳಿತಾಯ ತೋರಿಸಬಲ್ಲಿರಾದರೆ ಗೆಳೆಯರನ್ನು ಆ ಕಟ್ಟುಪಾಡಿಗೆ ಒಳಪಡಿಸದಿರುವುದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ಲುಫ್ತಾನ್ಸಾದ ನೇರ ವಿಮಾನಗಳಿವೆ. ಅಲ್ಲಿಂದ ಬರ್ಲಿನ್‌ಗೆ ಮತ್ತೊಂದು ವಿಮಾನ, ಇಲ್ಲವೇ ಸುಮಾರು ನಾಲ್ಕು ತಾಸಿನ ರೈಲು. ಆಹ್ವಾನ ಪತ್ರದ ಪ್ರತಿ ಕೈಚೀಲದಲ್ಲೇ ಇರಲಿ, ವಲಸೆ ಅಧಿಕಾರಿ ಕೇಳಬಹುದು. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಹೊರಗಿನವರ ಭಾವಚಿತ್ರ, ಬೆರಳಚ್ಚು ಪಡೆಯುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಮುಂದಿನ ವಿಮಾನ ಹಿಡಿಯಲು ಸಾಕಷ್ಟು ಬಿಡುವು ಇಟ್ಟುಕೊಳ್ಳಿ. ಬರ್ಲಿನ್ ವಿಮಾನ ನಿಲ್ದಾಣ ಇರುವುದು ನಗರ ಸಾರಿಗೆ ದರದ ಸಿ ವಲಯದಲ್ಲಿ. ನಗರಕ್ಕೆ ಹೋಗುವ ರೈಲಿಗೆ ಎಬಿ ಟಿಕೆಟ್ ಸಾಲದು, ಎಬಿಸಿ ಟಿಕೆಟ್ಟೇ ಬೇಕು.

ಪೆಟ್ಟಿಗೆಗೆ ಏನು ಹಾಕಬೇಕು

ತಾಯಂದಿರು ಕಟ್ಟಿಕೊಡುವ ಡಬ್ಬಿಗಳ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಬೇಕಾಗುತ್ತದೆ. ಹೊರದೇಶಗಳಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪ, ಖೋವಾ, ಪನೀರ್ ಬೇಡ. ಖೋವಾದಿಂದಲೇ ಆಗುವ ಪೇಡವನ್ನೂ ಬಿಟ್ಟುಬಿಡುವುದು ಕ್ಷೇಮ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ತರಕಾರಿ, ಹಣ್ಣು ಕೂಡ ಒಯ್ಯುವಂತಿಲ್ಲ. ಅದರಿಂದ ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್. ಒಣ ಕೊಬ್ಬರಿಗೆ ವಿಮಾನದ ಭದ್ರತೆಯವರ ತಡೆ ಇದೆ, ಎಣ್ಣೆಯಂಶದಿಂದ ಬೆಂಕಿ ಹೊತ್ತಿಕೊಳ್ಳುವ ಭಯ. ಆರತಿಗೆಂದು ಕರ್ಪೂರವನ್ನೂ ಇಡಬೇಡಿ, ಕಿಡಿ ಚಿಮ್ಮುವ ಮೇಣದಬತ್ತಿಯನ್ನೂ ಇಡಬೇಡಿ; ಅವೂ ವಿಮಾನಕ್ಕೆ ನಿಷಿದ್ಧ.

ಹಾಗಾದರೆ ಒಯ್ಯುವುದೇನು? ಏಲಕ್ಕಿ, ಕೇಸರಿ ಎಸಳು, ಅರಿಶಿನ ಕುಂಕುಮ, ಹತ್ತಿ ಬತ್ತಿ, ಪುಟ್ಟ ಆರತಿ ತಟ್ಟೆ. ಒಂದು ಸ್ಟೀಲ್ ಕಾಫಿ ಫಿಲ್ಟರ್ ಮತ್ತು ನಿಮ್ಮ ಬಡಾವಣೆಯ ಅಂಗಡಿಯಲ್ಲಿ ಬೀಸಿದ ಕಾಫಿಪುಡಿ. ಜರ್ಮನಿಯಲ್ಲಿ ಮಧ್ಯಾಹ್ನ ಮೂರೂವರೆ ನಾಲ್ಕರ ಹೊತ್ತು ಕಾಫಿ-ಕೇಕ್ ಹೊತ್ತು. ಹುಟ್ಟುಹಬ್ಬಕ್ಕೆ, ಅದರಲ್ಲೂ ಭಾನುವಾರವಾದರೆ, ಹಿರಿಯರನ್ನು ಕರೆಯುವುದೇ ಆ ಹೊತ್ತಿಗೆ. ಕೇಕ್ ಪಕ್ಕದಲ್ಲಿ ಚಿಕ್ಕಮಗಳೂರಿನ ಡಿಕಾಕ್ಷನ್ ಕಾಫಿ ಇಟ್ಟರೆ ಮೇಜಿನ ಸುತ್ತ ಮಾತು ತಾನಾಗಿ ಶುರುವಾಗುತ್ತದೆ. ಗೆಳೆಯರ ಮನೆಯಲ್ಲಿ ಮಕ್ಕಳಿದ್ದರೆ ಚನ್ನಪಟ್ಟಣದ ಗೊಂಬೆ ಒಯ್ಯಿರಿ. ಅಲ್ಲಿಯ ಮನೆಗಳಲ್ಲೂ ಮಕ್ಕಳ ಹುಟ್ಟುಹಬ್ಬಕ್ಕೆ ಬಣ್ಣ ಬಳಿದ ಮರದ ಉಂಗುರವೊಂದನ್ನು ಮೇಜಿನ ಮೇಲಿಟ್ಟು, ವಯಸ್ಸಿಗೆ ತಕ್ಕಷ್ಟು ಮೇಣದಬತ್ತಿ ಸಿಕ್ಕಿಸುತ್ತಾರೆ. ನಮ್ಮ ಅರಗಿನ ಬಣ್ಣದ ಗೊಂಬೆ ಅದರ ಜೊತೆಗೆ ಚೆನ್ನಾಗಿ ಒಪ್ಪುತ್ತದೆ.

ಕೇಕ್, ಕೇಸರಿಬಾತ್, ಪಾಯಸ

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಕೆಲವು ಬೇಕರಿಗಳು ಬೆಳಗ್ಗೆ ಕೆಲವು ತಾಸು ತೆರೆಯುತ್ತವೆ. ಬರ್ಲಿನ್‌ನ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳೂ ತೆರೆದಿರುತ್ತವೆ. ಉಳಿದಂತೆ ಶನಿವಾರವೇ ಎಲ್ಲ ಖರೀದಿ ಮುಗಿದಿರಬೇಕು. ರಜಾದಿನಗಳಿಗೂ ಇದೇ ನಿಯಮ. ಮಾರ್ಚ್ 8ರ ಮಹಿಳಾ ದಿನ ಬರ್ಲಿನ್‌ನಲ್ಲಿ 2019ರಿಂದ ಸಾರ್ವಜನಿಕ ರಜೆ. ಮೇ 1 ಮತ್ತು ಅಕ್ಟೋಬರ್ 3 ದೇಶಕ್ಕೇ ರಜೆ.

ಸಸ್ಯಾಹಾರಿಗಳು ಬೇಕರಿಯಲ್ಲಿ ಮೂರು ಸಂಗತಿ ವಿಚಾರಿಸಬೇಕು. ಕೆನೆ ತುಂಬಿದ ಕೇಕ್‌ಗಳಲ್ಲಿ ಅನೇಕ ಸಲ ಜೆಲಟಿನ್ ಇರುತ್ತದೆ. ಅದು ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆಯುವ ಪದಾರ್ಥ. ನಮ್ಮ ಬೇಕರಿಗಳ ಬ್ಲ್ಯಾಕ್ ಫಾರೆಸ್ಟ್ ಕೇಕ್‌ನ ಮೂಲ ಜರ್ಮನಿಯದೇ; ಅಲ್ಲಿ ಅದಕ್ಕೆ ಚೆರ್ರಿ ಹಣ್ಣಿನಿಂದ ಬಟ್ಟಿ ಇಳಿಸಿದ ಮದ್ಯ ಹಾಕುತ್ತಾರೆ. ಮೊಟ್ಟೆಯಿಲ್ಲದ ಕೇಕ್ ಎಂದು ಪ್ರತ್ಯೇಕವಾಗಿ ಮಾಡುವುದು ಅಪರೂಪ. "ಓನೆ ಗೆಲಾಟೀನೆ, ಓನೆ ಆಲ್ಕೊಹೋಲ್, ಓನೆ ಆಯ್" ಎಂದು ಕೇಳಿದರೆ ಜೆಲಟಿನ್, ಮದ್ಯ, ಮೊಟ್ಟೆ ಯಾವುದೂ ಬೇಡ ಎಂದು ಅರ್ಥವಾಗುತ್ತದೆ. ಇದಕ್ಕಿಂತ ಸುಲಭ ದಾರಿ ವೀಗನ್ ಕೇಕ್. ಬರ್ಲಿನ್‌ನಲ್ಲಿ ಅದಕ್ಕೆ ಕೊರತೆಯಿಲ್ಲ, ರುಚಿಯಲ್ಲೂ ಹಿಂದೆ ಬಿದ್ದಿಲ್ಲ.

ನನ್ನನ್ನು ಕೇಳಿದರೆ ಬೇಕರಿ ಕೇಕ್ ಒಂದಿರಲಿ, ಜೊತೆಗೆ ಕೇಸರಿಬಾತ್ ನೀವೇ ಮಾಡಿ. ತುಪ್ಪಕ್ಕಾಗಿ ಪರದಾಡಬೇಕಿಲ್ಲ. ಯಾವುದೇ ಸೂಪರ್‌ಮಾರ್ಕೆಟ್‌ನಲ್ಲಿ ಬುಟ್ಟರ್‌ಷ್ಮಾಲ್ಟ್ಸ್ ಎಂದು ಡಬ್ಬಿಯಲ್ಲಿ ಸಿಗುತ್ತದೆ, ಅದು ಕಾಯಿಸಿದ ಬೆಣ್ಣೆಯೇ. ಪರಿಮಳ ಮನೆಯ ತುಪ್ಪದಷ್ಟು ಇರದಿದ್ದರೂ ಇನ್ನೊಂದಿಷ್ಟು ಹೊತ್ತು ಸಣ್ಣ ಉರಿಯಲ್ಲಿ ಕಾಯಿಸಿದರೆ ಘಮ ಬರುತ್ತದೆ. ರವೆಗೆ ಗ್ರೀಸ್ ಎನ್ನುತ್ತಾರೆ. ಅದರಲ್ಲಿ ವೈಖ್‌ವೈಟ್ಸನ್ ಎಂದು ಬರೆದ ಪೊಟ್ಟಣ ಆರಿಸಿ. ಹಾರ್ಟ್‌ವೈಟ್ಸನ್ ಎಂದಿದ್ದರೆ ಅದು ಪಾಸ್ತಾಕ್ಕೆ ಬಳಸುವ ಗಟ್ಟಿ ಗೋಧಿಯದು. ಶ್ಯಾವಿಗೆ ಪಾಯಸಕ್ಕೆ ಬೇಕಾದದ್ದೆಲ್ಲ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಒಲೆ ಇಂಡಕ್ಷನ್ ಆಗಿದ್ದರೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು, ಮುಂಚೆಯೇ ಗೆಳೆಯರನ್ನು ಕೇಳಿ. ಮಲಗುವ ಕೋಣೆಗಳಲ್ಲಿ ಹೊಗೆ ಎಚ್ಚರಿಕೆ ಗಂಟೆ ಕಾನೂನುಪ್ರಕಾರ ಇದ್ದೇ ಇರುತ್ತದೆ. ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಅಡುಗೆಮನೆ ಬಾಗಿಲು ಮುಚ್ಚಿ.

ಕೇಕ್ ಕತ್ತರಿಸಿದ ಮೇಲೆ ಮುಖಕ್ಕೆ ಬಳಿಯುವ ನಮ್ಮ ಹುಡುಗರ ಆಟ ಅಲ್ಲಿ ಬೇಡವೇ ಬೇಡ. ಯಾರೋ ಬೆಳಗ್ಗೆ ಎದ್ದು ಮಾಡಿದ ತಿನಿಸನ್ನು ಹಾಗೆ ಹಾಳುಮಾಡುವುದು ಅವರಿಗೆ ನೋವಾಗುತ್ತದೆ. ಕೇಕ್ ಮೇಲೆ ಮೇಣದಬತ್ತಿ ಹಚ್ಚುವ ಪದ್ಧತಿ ಆ ನೆಲದಲ್ಲಿ ಬಹಳ ಹಳೆಯದು. ಕವಿ ಗಯಟೆ 1801ರ ಆಗಸ್ಟ್ 28ರಂದು ತನ್ನ 52ನೆಯ ಹುಟ್ಟುಹಬ್ಬ ಆಚರಿಸಿಕೊಂಡದ್ದು ತಾನು ನೆಲೆಸಿದ್ದ ವೈಮಾರ್‌ನಲ್ಲಲ್ಲ, ಗೋಥಾದಲ್ಲಿ, ರಾಜಕುಮಾರ ಆಗಸ್ಟ್‌ನ ಅತಿಥಿಯಾಗಿ. ಅಂದು ಸೇವಕರು ಮೆರವಣಿಗೆಯಲ್ಲಿ ತಂದ ದೊಡ್ಡ ಕೇಕ್ ಮೇಲೆ ಸುಮಾರು ಐವತ್ತು ಬತ್ತಿಗಳು ಉರಿಯುತ್ತಿದ್ದವೆಂದು ಅವನೇ ಬರೆದಿದ್ದಾನೆ. ಗೆಳೆಯರ ಮನೆಯಲ್ಲಿ ಹುಟ್ಟುಹಬ್ಬಕ್ಕೆ ಇದಕ್ಕಿಂತ ದೊಡ್ಡ ಪರಂಪರೆ ಬೇಕೆ?

ಆ ದಿನ

ಬೇಸಿಗೆಯಲ್ಲಿ ಭಾರತದ ಗಡಿಯಾರ ಜರ್ಮನಿಗಿಂತ ಮೂರೂವರೆ ತಾಸು ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಂದರೆ ಊರಲ್ಲಿ ರಾತ್ರಿ ಹನ್ನೆರಡಾದಾಗ ಬರ್ಲಿನ್‌ನಲ್ಲಿ ಹಿಂದಿನ ಸಂಜೆ ಎಂಟೂವರೆ ಅಥವಾ ಏಳೂವರೆ. ಅಪ್ಪ ಅಮ್ಮ ಸರಿಯಾಗಿ ಆ ಹೊತ್ತಿಗೆ ಫೋನ್ ಮಾಡಿ ಹರಸುತ್ತಾರೆ, ನೀವಿನ್ನೂ ಹುಟ್ಟುಹಬ್ಬಕ್ಕೆ ಕಾಲಿಟ್ಟಿರುವುದಿಲ್ಲ. ಪಕ್ಕದಲ್ಲಿ ಜರ್ಮನ್ ಗೆಳೆಯರಿದ್ದರೆ ಊರಲ್ಲಿ ಆಗಲೇ ದಿನ ಬದಲಾಗಿದೆ ಎಂದು ವಿವರಿಸಿ ಅವರ ಗಾಬರಿ ಕಡಿಮೆ ಮಾಡಿ. ಅವರು ಶುಭಾಶಯ ಹೇಳುವುದು ಅಲ್ಲಿಯ ಹನ್ನೆರಡು ಹೊಡೆದ ಮೇಲೆಯೇ. ಹಿಂದಿನ ರಾತ್ರಿ ಸೇರಿ ಹನ್ನೆರಡಕ್ಕೆ ಲೋಟ ಎತ್ತುವುದು ಅಲ್ಲಿಯ ಯುವಕರಿಗೆ ತುಂಬ ಇಷ್ಟ. ಆದರೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಶ್ಶಬ್ದದ ನಿಯಮವಿದೆ. ಮೇಲೆ ಕೆಳಗೆ ಇರುವವರಿಗೆ ತಿಳಿಯುವಂತೆ ಎರಡು ದಿನ ಮೊದಲು ಮೆಟ್ಟಿಲ ಬಳಿ ಒಂದು ಸೌಜನ್ಯದ ಚೀಟಿ ಅಂಟಿಸಿ. ಹಾಗೆಂದು ಹತ್ತರ ನಂತರ ಗದ್ದಲ ಮಾಡುವ ಹಕ್ಕೇನೂ ಬರುವುದಿಲ್ಲ. ನೀವು ಹೊರಟು ಬಂದ ಮೇಲೂ ಆ ನೆರೆಹೊರೆಯೊಂದಿಗೆ ಬಾಳಬೇಕಾದವರು ನಿಮ್ಮ ಗೆಳೆಯರು.

ಬೆಳಗ್ಗೆ ದೇವಸ್ಥಾನಕ್ಕೆ ಹೋಗಿ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸುವ ಅಭ್ಯಾಸವಿದ್ದರೆ ಬ್ರಿಟ್ಸ್ ಎಂಬಲ್ಲಿ ಶ್ರೀಲಂಕಾದ ತಮಿಳರು ಕಟ್ಟಿದ ಮಯೂರಪತಿ ಮುರುಗನ್ ದೇವಸ್ಥಾನವಿದೆ. ಬಣ್ಣದ ಗೋಪುರವಿರುವ ಈ ಗುಡಿಯ ಕುಂಭಾಭಿಷೇಕ ನಡೆದದ್ದು 2013ರಲ್ಲಿ. ಆಮೇಲೆ ಸಂಸತ್ ಭವನದ ಗಾಜಿನ ಗುಮ್ಮಟ ಹತ್ತಿ. ನಾರ್ಮನ್ ಫಾಸ್ಟರ್ ವಿನ್ಯಾಸದ ಅದಕ್ಕೆ ಪ್ರವೇಶ ಉಚಿತ. ಆದರೆ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಮುಂಚಿತವಾಗಿ ನೋಂದಾಯಿಸಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಸೂರ್ಯಾಸ್ತದ ಹೊತ್ತನ್ನು ಆರಿಸಿಕೊಳ್ಳಿ. ಜೂನ್‌ನಲ್ಲಿ ಅದು ರಾತ್ರಿ ಒಂಬತ್ತೂವರೆ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು.

ಬೇಸಿಗೆಯ ಹುಟ್ಟುಹಬ್ಬಕ್ಕೆ ಮನೆಗಿಂತ ಬಯಲೇ ಚೆಂದ. ನನ್ನ ಆಯ್ಕೆ ಟೆಂಪೆಲ್‌ಹೋಫ್ ಮೈದಾನ. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣವನ್ನು 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಅಲ್ಲಿ ಕಟ್ಟಡ ಏಳಬಾರದೆಂದು 2014ರಲ್ಲಿ ಬರ್ಲಿನ್ ಜನ ಮತ ಹಾಕಿದರು. 300 ಹೆಕ್ಟೇರಿಗೂ ಹೆಚ್ಚು ಬಯಲು, ಹಳೆಯ ರನ್‌ವೇ ಮೇಲೆ ಸೈಕಲ್ಲು, ಗಾಳಿಪಟ, ಗೊತ್ತುಮಾಡಿದ ಜಾಗಗಳಲ್ಲಿ ಕೆಂಡದ ಅಡುಗೆ. ಜಮಖಾನ ಹಾಸಿ ಕೂತರೆ ಜಾಗದ ಬಾಡಿಗೆಯಿಲ್ಲ, ಎಷ್ಟು ಜನ ಬಂದರೂ ಇಕ್ಕಟ್ಟಿಲ್ಲ. ಆಕಾಶಬುಟ್ಟಿ ಹಾರಿಸುವುದು ಮಾತ್ರ ನಿಷಿದ್ಧ, ಪಟಾಕಿಗೂ ಹೊಸವರ್ಷದ ಹೊತ್ತು ಬಿಟ್ಟರೆ ಅನುಮತಿಯಿಲ್ಲ.

ಹೋಟೆಲಿಗೆ ಕರೆಯುವುದಾದರೆ ಬಿಲ್ ಯಾರದೆಂದು ಕರೆಯುವಾಗಲೇ ಸ್ಪಷ್ಟವಾಗಲಿ. "ನಾನು ಆಹ್ವಾನಿಸುತ್ತಿದ್ದೇನೆ" ಎಂದರೆ ಹಣ ನಿಮ್ಮದೆಂದೇ ಅವರು ತಿಳಿಯುತ್ತಾರೆ. ಅಷ್ಟು ಖರ್ಚು ಆಗದಿದ್ದರೆ "ಕೇಕ್ ನನ್ನದು, ಊಟ ಅವರವರದು" ಎಂದು ಮೊದಲೇ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಕುಡಿಯುವ ನೀರಿಗೂ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಸಣ್ಣ ಜಾಗಗಳಲ್ಲಿ ಕಾರ್ಡ್ ನಡೆಯದೆಯೂ ಇರಬಹುದು, ಸ್ವಲ್ಪ ನಗದು ಜೇಬಿನಲ್ಲಿರಲಿ.

ಮರುದಿನ ಗೆಳೆಯರು ಕೆಲಸಕ್ಕೆ ಹೋಗುವವರು. ಪಾತ್ರೆ ತೊಳೆದು, ಕಸವನ್ನು ಕಾಗದ, ಪ್ಲಾಸ್ಟಿಕ್, ಗಾಜು, ಅಡುಗೆಕಸ ಎಂದು ಬೇರ್ಪಡಿಸುವ ಕೆಲಸ ನೀವೇ ವಹಿಸಿಕೊಳ್ಳಿ. ಒಮ್ಮೆ ಬಳಸುವ ನೀರಿನ, ಪಾನೀಯದ ಬಾಟಲಿ ಮತ್ತು ಡಬ್ಬಿಗಳಿಗೆ ತಲಾ 25 ಸೆಂಟ್ ಠೇವಣಿ ಇರುತ್ತದೆ. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಗಲ್ಲೆಯಲ್ಲಿ ಕೊಟ್ಟರೆ ಹಣ. ಬಯಲಲ್ಲಿ ಪಾರ್ಟಿ ಮಾಡಿದ್ದರೆ ಖಾಲಿ ಬಾಟಲಿಗಳನ್ನು ಕಸದ ತೊಟ್ಟಿಯೊಳಗೆ ಎಸೆಯದೆ ಪಕ್ಕದಲ್ಲಿ ನಿಲ್ಲಿಸಿ ಬನ್ನಿ. ಅವನ್ನು ಆಯ್ದು ಬದುಕುವವರು ಅಲ್ಲಿದ್ದಾರೆ, ತೊಟ್ಟಿಗೆ ಕೈ ಹಾಕುವ ಕಷ್ಟ ಅವರಿಗೆ ತಪ್ಪುತ್ತದೆ.