ಘಟ್ಟವನ್ನೇರಿದ ಲೆಕ್ಕ, ಘಟ್ಟವನ್ನಿಳಿದ ಲೆಕ್ಕ

ಮಲೆನಾಡಿನ ಪ್ರವಾಸವೆಂದರೆ ಬೆಟ್ಟ, ಕಾಡು, ಜಲಪಾತಗಳನ್ನು ಕಣ್ತುಂಬ ನೋಡಿ ಬರುವುದೆಂದು ಎಲ್ಲರೂ ಬಲ್ಲರು. ಆದರೆ ಭೌತಶಾಸ್ತ್ರದ ದೃಷ್ಟಿಗೆ ಅದೊಂದು ಜಮಾಖರ್ಚಿನ ಪುಸ್ತಕ. ಮೇಲೇರುವ ಪ್ರತಿಯೊಂದು ವಸ್ತುವೂ ಶಕ್ತಿಯ ರೂಪದಲ್ಲಿ ಬೆಲೆ ತೆರಬೇಕು. ಕೆಳಗಿಳಿಯುವಾಗ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ವಾಹನವಾಗಲಿ, ಗಾಳಿಯಾಗಲಿ, ನೀರಾಗಲಿ, ಈ ನಿಯಮಕ್ಕೆ ಹೊರತಲ್ಲ. ಮಳೆ ಹಿಮ್ಮೆಟ್ಟುತ್ತಿದ್ದ ಅಕ್ಟೋಬರ್ ಆದಿಯಲ್ಲಿ ನಾವು ಐವರು ಒಂದು ಹಳೆಯ ಪೆಟ್ರೋಲ್ ಜೀಪಿನಲ್ಲಿ ಕಾರ್ಕಳದಿಂದ ಹೊರಟು, ಮಾಳದ ಘಟ್ಟವನ್ನೇರಿ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಶೃಂಗೇರಿ, ಆಗುಂಬೆಗಳನ್ನು ಹಾದು ಜೋಗವನ್ನು ಕಂಡು, ಗೇರುಸೊಪ್ಪೆಯ ಘಟ್ಟವನ್ನಿಳಿದು ಹೊನ್ನಾವರ ಸೇರಿದಾಗ, ಈ ಪುಸ್ತಕದ ಪುಟಗಳನ್ನು ಒಂದೊಂದಾಗಿ ಮಗುಚಿ ನೋಡುವ ಅವಕಾಶ ದೊರೆಯಿತು.

ಮೊದಲು ಏರುವ ಲೆಕ್ಕ. ಜೀಪು, ಅದರಲ್ಲಿದ್ದ ನಾವು, ನಮ್ಮ ಸಾಮಾನು ಎಲ್ಲ ಸೇರಿ 2000 ಕಿಲೋಗ್ರಾಂ ಎಂದೂ ಘಟ್ಟದ ಎತ್ತರ 500 ಮೀಟರ್ ಎಂದೂ ಇಟ್ಟುಕೊಳ್ಳೋಣ. ತೂಕವನ್ನು ಎತ್ತರದಿಂದ ಗುಣಿಸಿದರೆ ಬರುವ ಪ್ರಚ್ಛನ್ನ ಶಕ್ತಿ ಸುಮಾರು 98 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 3.4 ಕೋಟಿ ಜೂಲ್ ಶಾಖ ಬಿಡುಗಡೆಯಾಗುವುದಾದರೂ, ಎಂಜಿನ್ ಅದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ತಂದೀತು. ಅಂದರೆ ಕೇವಲ ಎತ್ತರಕ್ಕೆಂದೇ ಒಂದು ಲೀಟರಿಗೂ ತುಸು ಹೆಚ್ಚು ಪೆಟ್ರೋಲ್ ವೆಚ್ಚವಾಗುತ್ತದೆ. ರಸ್ತೆಯು ತಿರುವು ತಿರುವಾಗಿ ಹಾವಿನಂತೆ ಏರುವುದರಿಂದ ಈ ಬೆಲೆಯೇನೂ ಇಳಿಯದು. ಅದೇ ಮೊತ್ತವನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೆರಲು ಅನುಕೂಲವಾಗುತ್ತದೆ, ಅಷ್ಟೆ.

ನಮ್ಮ ಸಾಮಾನುಗಳಲ್ಲಿ ಅತ್ಯಂತ ಭಾರವಾದುದು ಗಣಿತದ ಅಧ್ಯಾಪಕರಾದ ಮಿತ್ರರೊಬ್ಬರ ಮನೆಯಿಂದ ಬಂದ ಚಕ್ಕುಲಿಯ ಡಬ್ಬಿ. ಅದರ ತೂಕ 5 ಕಿಲೋಗ್ರಾಂ. ಅದನ್ನು ಘಟ್ಟದ ಮೇಲಕ್ಕೆ ಒಯ್ಯಲು ಮೂರು ಮಿಲಿಲೀಟರ್ ಪೆಟ್ರೋಲ್ ಬೇಕೆಂದು ಲೆಕ್ಕ ಹಾಕಿದ ಮಿತ್ರರು, ಬುಡದಲ್ಲಿಯೇ ಡಬ್ಬಿಯನ್ನು ಖಾಲಿ ಮಾಡಿಬಿಟ್ಟರೆ ಉಳಿತಾಯವಲ್ಲವೇ ಎಂದರು. ಚಕ್ಕುಲಿಯು ಡಬ್ಬಿಯಲ್ಲಿದ್ದರೂ ಹೊಟ್ಟೆಯಲ್ಲಿದ್ದರೂ ತೂಕ ಒಂದೇ ಎಂದು ನಾವು ಜ್ಞಾಪಿಸಿದೆವು. ಆದರೂ ಪ್ರಯೋಗವನ್ನು ಯಾರೂ ಬೇಡವೆನ್ನಲಿಲ್ಲ.

ಪೆಟ್ರೋಲಿನ ಉಳಿದ ಮುಕ್ಕಾಲು ಪಾಲು ಶಾಖವಾಗಿ ಹೊರಬೀಳಬೇಕು. ಏರಿನಲ್ಲಿ ಎಂಜಿನ್ ಹೆಚ್ಚು ದುಡಿಯುತ್ತದೆ. ವೇಗ ಕಡಮೆಯಾದುದರಿಂದ ರೇಡಿಯೇಟರಿಗೆ ಎದುರುಗಾಳಿಯೂ ಸಾಲದು. ಅರ್ಧ ದಾರಿಯಲ್ಲಿ ನಮ್ಮ ಜೀಪು ಬುಸುಗುಟ್ಟಿ ನಿಂತಿತು. ಕಾಲೇಜು ವಿದ್ಯಾರ್ಥಿಯಾದ ನಮ್ಮ ಸೋದರಳಿಯ ನೀರಿನ ಕ್ಯಾನು ಹಿಡಿದು ಮುಂದಕ್ಕೆ ಧಾವಿಸಿದ. “ಮುಚ್ಚಳಕ್ಕೆ ಕೈ ಹಾಕ್ಬೇಡಿ ಮಾರಾಯ್ರೇ, ಮುಖ ಸುಟ್ಟುಹೋದೀತು!” ಎಂದು ನಮ್ಮ ಚಾಲಕರು ಕೂಗಿ ತಡೆದರು. ಅವರು ಕಾರ್ಕಳದ ಹಿರಿಯರು. ಶಾಲೆಯಲ್ಲಿ ಕಲಿಯದ ಭೌತಶಾಸ್ತ್ರವನ್ನು ಘಟ್ಟದಲ್ಲಿ ಕಲಿತವರು. ಭದ್ರವಾದ ಮುಚ್ಚಳದೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿಯನ್ನು ಮೀರಿಯೂ ದ್ರವವಾಗಿಯೇ ಇರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಕುಸಿದು, ನೀರಿನ ಒಂದಂಶ ಒಮ್ಮೆಲೇ ಉಗಿಯಾಗಿ, ಉಳಿದ ಕುದಿನೀರನ್ನು ಚಿಮ್ಮಿಸುತ್ತದೆ. ಅರ್ಧ ಗಂಟೆ ಕಾಯುವುದೊಂದೇ ಉಪಾಯ.

ಘಟ್ಟದ ನೆತ್ತಿಯಲ್ಲಿ ಕಿವಿಗಳು ‘ಟಪ್’ ಎಂದುವು. ಕೆಳಗೆ ಕೊಂಡ ಬಾಳೆಕಾಯಿ ಚಿಪ್ಸಿನ ಪೊಟ್ಟಣ ದಿಂಬಿನಂತೆ ಉಬ್ಬಿತ್ತು. 500 ಮೀಟರ್ ಏರಿದರೆ ಹೊರಗಿನ ವಾಯುವಿನ ಒತ್ತಡ ಶೇಕಡಾ 6ರಷ್ಟು ತಗ್ಗುತ್ತದೆ. ಪೊಟ್ಟಣದೊಳಗಿನ ಗಾಳಿ ಹಿಗ್ಗದೆ ಏನು ಮಾಡೀತು?

ಇದೇ ಹಿಗ್ಗುವಿಕೆಯಲ್ಲಿ ಮಲೆನಾಡಿನ ಮಳೆಯ ಗುಟ್ಟೂ ಅಡಗಿದೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದಿಂದ ಬೀಸುವ ಗಾಳಿಗೆ ಘಟ್ಟವನ್ನು ಏರದೆ ಗತಿಯಿಲ್ಲ. ಅದಕ್ಕೆ ಪೆಟ್ರೋಲ್ ಎಲ್ಲಿಂದ ಬರಬೇಕು? ಒತ್ತಡ ಕಡಮೆಯಾದಂತೆ ಗಾಳಿ ಹಿಗ್ಗುತ್ತದೆ, ಹಿಗ್ಗುವ ಕೆಲಸಕ್ಕೆ ತನ್ನ ಶಾಖವನ್ನೇ ವೆಚ್ಚ ಮಾಡುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಆವಿಯನ್ನು ಹಿಡಿದಿಡಲಾರದೆ ಮೋಡವಾಗಿ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7 ಮೀಟರಿಗೂ ಮಿಕ್ಕಿ ಮಳೆ. ಘಟ್ಟವನ್ನು ದಾಟಿ ಚಿತ್ರದುರ್ಗ ಸೇರುವ ಹೊತ್ತಿಗೆ ಗಾಳಿಯ ಚೀಲ ಬರಿದಾಗಿ, ಅಲ್ಲಿ ಅದರ ಹತ್ತನೆಯ ಒಂದು ಪಾಲು ಬಿದ್ದರೆ ಪುಣ್ಯ.

ಬಿದ್ದ ಮಳೆಯನ್ನು ಕಾಪಿಡುವುದು ಕುದುರೆಮುಖದ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಸಿಂಗಳೀಕಗಳ ಈ ಬೀಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿನ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನೊಡನೆ ಕಲಸಿ, ಉದ್ದನೆಯ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬೆಟ್ಟದ ಮೈಮೇಲಿನ ಮಣ್ಣು ಒಮ್ಮೆ ಕೆಳಗಿಳಿದರೆ ಅದನ್ನು ಮೇಲಕ್ಕೆ ಹೊರುವ ಪೆಟ್ರೋಲ್ ಯಾರಲ್ಲಿಯೂ ಇಲ್ಲ. ಇಂಬಳಗಳ ಲೆಕ್ಕ ಮಾತ್ರ ಬೇರೆ: ಏರುವುದು ಅವು, ಬೆಲೆ ತೆರುವವರು ನಾವು.

ಜೋಗದಲ್ಲಿ ಸೋದರಳಿಯ ಚೀಲದಿಂದ ಉಷ್ಣಮಾಪಕವನ್ನು ಹೊರತೆಗೆದ. ಇದಕ್ಕೆ ದೊಡ್ಡವರ ಮೇಲ್ಪಂಕ್ತಿಯಿದೆ. 1847ರಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಹೊಸದಾಗಿ ಮದುವೆಯಾಗಿ ಆಲ್ಪ್ಸ್ ಪರ್ವತಗಳಿಗೆ ಹೋಗಿದ್ದಾಗ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದ ವಿಲಿಯಂ ಥಾಮ್ಸನ್ ದಾರಿಯಲ್ಲಿ ಅವನನ್ನು ಸಂಧಿಸಿದನು. ಜೂಲನ ಕೈಯಲ್ಲಿ ಉಷ್ಣಮಾಪಕವಿತ್ತೆಂದು ಥಾಮ್ಸನ್ ಎಷ್ಟೋ ವರ್ಷಗಳ ಮೇಲೆ ನೆನೆದುಕೊಂಡಿದ್ದಾನೆ. ಬೀಳುವ ನೀರಿನ ಶಕ್ತಿ ಬುಡದಲ್ಲಿ ಶಾಖವಾಗಬೇಕು, ಆದುದರಿಂದ ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ಬೆಚ್ಚಗಿರಬೇಕು ಎಂಬುದು ಜೂಲನ ತರ್ಕ. ರಾಜಾ ಕವಲಿನ ಎತ್ತರ 253 ಮೀಟರ್. ಒಂದು ಕಿಲೋಗ್ರಾಂ ನೀರು ಅಷ್ಟು ಇಳಿದರೆ ಸುಮಾರು 2480 ಜೂಲ್. ಅದನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದುದು 4186. ಭಾಗಿಸಿದರೆ ಏರಿಕೆ 0.6 ಡಿಗ್ರಿ! ಇಷ್ಟು ಭೋರ್ಗರೆತಕ್ಕೆ ಇಷ್ಟೇ ಫಲವೇ ಎಂದು ವಾಚಕರಿಗೆ ತೋರಬಹುದು. ನೀರನ್ನು ಬಿಸಿಮಾಡುವುದು ಎಷ್ಟು ದುಬಾರಿಯೆಂಬುದು ಇದರಿಂದ ತಿಳಿಯುತ್ತದೆ.

ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನಿಳಿದು ಸೋದರಳಿಯ ತುಂತುರಿನಲ್ಲಿ ಮಾಪಕವನ್ನು ಹಿಡಿದರೆ, ಅದು ಮೇಲಿನ ಹೊಳೆಗಿಂತ ಕಡಮೆ ಉಷ್ಣತೆಯನ್ನೇ ತೋರಿಸಿತು. ಹನಿಗಳು ಆವಿಯಾಗುತ್ತ ತಾವೇ ತಣ್ಣಗಾಗುವುದು ಇದಕ್ಕೆ ಕಾರಣ. ಜೂಲ್ ಮತ್ತು ಥಾಮ್ಸನ್ ಆಲ್ಪ್ಸಿನಲ್ಲಿ ಆರಿಸಿದ ಜಲಪಾತವೂ ತುಂತುರಾಗಿ ಚೆದರಿ ಅವರ ಪ್ರಯೋಗವನ್ನು ಕೆಡಿಸಿತ್ತು. ಮರಳಿ ಮೇಲೇರಲು ಸೋದರಳಿಯನಿಗೆ ತಗಲಿದ ಶಕ್ತಿ, ಸ್ನಾಯುಗಳ ದಕ್ಷತೆಯೂ ಕಾಲು ಭಾಗವೆಂದು ಹಿಡಿದರೆ, ಒಂದೂವರೆ ಬಾಳೆಹಣ್ಣಿನಲ್ಲಿ ದೊರೆಯುವಷ್ಟು. ಅವನು ತಿಂದದ್ದು ಆರು.

ಸಾವಿರ ಲೀಟರ್ ನೀರು ಇಷ್ಟು ಎತ್ತರದಿಂದ ಇಳಿದರೆ 0.7 ಯೂನಿಟ್ ವಿದ್ಯುತ್ತಿಗೆ ಸಮ. ಬಂಡೆಗೆ ಬಡಿದು ವ್ಯರ್ಥವಾಗುವ ಈ ಶಕ್ತಿಯನ್ನು ಟರ್ಬೈನುಗಳಿಂದ ಹಿಡಿಯುವ ಕಾರ್ಯ ಇಲ್ಲಿ 1948ರಲ್ಲಿ ಪ್ರಾರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲಂತೂ ಮನೆಯ ದೀಪ ಮತ್ತು ಜೋಗದ ವೈಭವಗಳ ನಡುವೆ ಶರಾವತಿ ಹಂಚಿಹೋಗಿದೆ.

ಇನ್ನು ಇಳಿಯುವ ಲೆಕ್ಕ. ಪ್ರಾಣಕ್ಕೆ ಸಂಬಂಧಿಸಿದ ಲೆಕ್ಕವೂ ಇದೇ. ಗೇರುಸೊಪ್ಪೆಯ ಘಟ್ಟದ ತಲೆಯಲ್ಲಿ ಅಧ್ಯಾಪಕ ಮಿತ್ರರು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುವುದಲ್ಲವೇ ಎಂದರು. “ಆಗ್ಲಿಕ್ಕಿಲ್ಲ ಮಾಷ್ಟ್ರೇ,” ಎಂದರು ಚಾಲಕರು, “ನ್ಯೂಟ್ರಲ್ ಹಾಕಿದ್ರೆ ಮತ್ತೆ ಗಾಡಿ ನಮ್ಮದಲ್ಲ, ಘಟ್ಟದ್ದು.”

ಏರುವಾಗ ಕೂಡಿಟ್ಟ ಆ 98 ಲಕ್ಷ ಜೂಲ್‌ಗಳಿಗೆ ಈಗ ದಾರಿ ತೋರಿಸಬೇಕು. 31 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು, ಎಂದರೆ ಇನ್ನೂರು ಲೋಟ ಕಾಫಿಗೆ, ಅಷ್ಟು ಶಾಖ ಸಾಕು. ನಾಲ್ಕು ಬ್ರೇಕ್ ಡ್ರಮ್ಮುಗಳ ಕಬ್ಬಿಣ ಒಟ್ಟು 40 ಕಿಲೋಗ್ರಾಂ ಎಂದುಕೊಳ್ಳೋಣ. ಗಾಳಿಯ ತಡೆಯೂ ಟೈರುಗಳ ಘರ್ಷಣೆಯೂ ಅರ್ಧವನ್ನು ನುಂಗಿದರೂ, ಉಳಿದರ್ಧವು ಆ ಕಬ್ಬಿಣವನ್ನು 270 ಡಿಗ್ರಿಗಳಷ್ಟು ಕಾಯಿಸಬಲ್ಲುದು. ಬೀಸುವ ಗಾಳಿ ತುಸು ತಣಿಸೀತು, ನಿಜ. ಆದರೆ ಬ್ರೇಕನ್ನು ಎಡೆಬಿಡದೆ ಒತ್ತಿಹಿಡಿದರೆ ಅದರ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕಿನ ಎಣ್ಣೆ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆಗ ಪೆಡಲು ಮೆತ್ತಗೆ ತಳ ಸೇರುತ್ತದೆಯೇ ಹೊರತು ಗಾಡಿ ನಿಲ್ಲದು.

ಕೆಳ ಗೇರಿನಲ್ಲಿದ್ದರೆ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗುತ್ತದೆ. ಗಾಳಿಯನ್ನು ಎಳೆದು ಒತ್ತಿ ಹೊರದೂಡುವ ಪಂಪಿನಂತೆ ಎಂಜಿನ್ ಶಕ್ತಿಯನ್ನು ಹೀರಿ, ರೇಡಿಯೇಟರು ಮತ್ತು ಹೊಗೆಕೊಳವೆಗಳ ಮೂಲಕ ಹೊರಚೆಲ್ಲುತ್ತದೆ. ಯಾವ ಗೇರಿನಲ್ಲಿ ಏರುವೆವೋ ಆ ಗೇರಿನಲ್ಲಿಯೇ ಇಳಿಯಬೇಕೆಂಬ ಚಾಲಕರ ಹಳೆಯ ಸೂತ್ರದ ಅರ್ಥ ಇದೇ. ಮಿತ್ರರ ಉಳಿತಾಯವೂ ಇಂದು ಹುಸಿ: ಈಗಿನ ಎಂಜಿನುಗಳಲ್ಲಿ ಗೇರಿನಲ್ಲಿ ಇಳಿಯುವಾಗ ಇಂಧನದ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೋ ಎಂಜಿನನ್ನು ಉಳಿಸಿಕೊಳ್ಳಲು ಇಂಧನ ಬೇಕೇ ಬೇಕು. ವಿದ್ಯುತ್ ವಾಹನಗಳು ಇನ್ನೂ ಜಾಣತನದಿಂದ, ಇಳಿಯುವಾಗ ಮೋಟಾರನ್ನೇ ಜನಕವಾಗಿಸಿ ಬ್ಯಾಟರಿಗೆ ಜಮೆ ಮಾಡಿಕೊಳ್ಳುತ್ತವೆ. ಜೋಗದ ಟರ್ಬೈನು ಮಾಡುವುದೂ ಅದನ್ನೇ.

ಎರಡನೆಯ ಗೇರಿನಲ್ಲಿ ಗುರುಗುಟ್ಟುತ್ತ ಇಳಿದು ಸಂಜೆಗೆ ಹೊನ್ನಾವರ ತಲಪಿದೆವು. ಶರಾವತಿಯೂ ತನ್ನ ಲೆಕ್ಕ ಮುಗಿಸಿ ಅಲ್ಲಿ ಸಮುದ್ರ ಸೇರುತ್ತಿದ್ದಳು. ಚಾಲಕರು ಚಕ್ರದ ಬಳಿ ಅಂಗೈ ಒಡ್ಡಿ ನೋಡಿ ತಲೆಯಾಡಿಸಿದರು. ಡ್ರಮ್ಮು ಬೆಚ್ಚಗಿತ್ತು, ಆದರೆ ಕಾಫಿ ಕಾಸುವಷ್ಟಲ್ಲ. ಅದಕ್ಕಾಗಿ ನಾವು ಹೋಟೆಲನ್ನು ಹುಡುಕಿಕೊಂಡು ಹೊರಟೆವು.